ಡಿಸ್ಕ್ ಶ್ರೇಣಿಯಲ್ಲಿ ಲುಪ್ತಪಾಠದ ಪುನರುದ್ಧಾರ

ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನಮಾಡಿದ ಸಂಗತಿ ವಿದ್ವಾಂಸರಿಗೆ ವಿದಿತವೇ ಇದೆ. ಶಾಸ್ತ್ರದಾನದ ಪುಣ್ಯದೊಡನೆ ಗ್ರಂಥರಕ್ಷಣೆಯೂ ಅದರಿಂದ ಸಾಧಿಸಿತು. ಒಂದು ಪ್ರತಿ ಹುಳುಹಿಡಿದು ನಾಶವಾದರೂ ಮತ್ತೊಂದು ಉಳಿಯುತ್ತದೆ. ಇಂದು ಓಲೆಗರಿಗಳ ಛಾಯಾಪ್ರತಿಗಳು ಗಣಕಯಂತ್ರದ ಡಿಸ್ಕುಗಳನ್ನು ಸೇರಿವೆ. ಮೂಲದ ಗರಿ ಪುಡಿಯಾಗಿ ಛಾಯಾಪ್ರತಿಯೊಂದೇ ಉಳಿದಿರುವಲ್ಲಿ, ಆ ಡಿಸ್ಕು ಕೆಟ್ಟರೆ ಪಾಠವನ್ನು ಮರಳಿ ಪಡೆಯುವ ಬಗೆ ಯಾವುದೆಂಬುದು ಗ್ರಂಥಸಂಪಾದಕರೂ ಅರಿಯಬೇಕಾದ ವಿಷಯ.

ಡಿಸ್ಕುಗಳ ಮೇಲೆ ದತ್ತಾಂಶವನ್ನು ಬರೆದಿಡುವ ಕ್ರಮ 1956ರಷ್ಟು ಹಿಂದಿನದು. ಆ ವರ್ಷ ಐಬಿಎಂ ಸಂಸ್ಥೆ ಹೊರತಂದ ಸಾಧನದಲ್ಲಿ 24 ಅಂಗುಲ ವ್ಯಾಸದ 50 ತಟ್ಟೆಗಳಿದ್ದು, ಒಟ್ಟು 50 ಲಕ್ಷ ಅಕ್ಷರಗಳಿಗೆ ಮಾತ್ರ ಎಡೆಯಿತ್ತು. ಅನಂತರದ ಮೂರು ದಶಕಗಳಲ್ಲಿ ದೊಡ್ಡ ಡಿಸ್ಕುಗಳು ದುಬಾರಿಯಾಗಿಯೇ ಉಳಿದವು, ಸಣ್ಣವು ಅಗ್ಗವಾದವು. ಸಣ್ಣ ಡಿಸ್ಕುಗಳನ್ನು ಸಾಲಾಗಿ ಜೋಡಿಸಿ ಒಂದೇ ದೊಡ್ಡ ಡಿಸ್ಕಿನಂತೆ ಬಳಸಬಹುದೆಂದು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್ ಮತ್ತು ರ್‍ಯಾಂಡಿ ಕಾಟ್ಸ್ 1988ರ ಪ್ರಬಂಧದಲ್ಲಿ ಪ್ರತಿಪಾದಿಸಿದರು. ‘ರೇಡ್’ ಎಂಬ ಹೆಸರು ಪ್ರಸಿದ್ಧಿಗೆ ಬಂದುದು ಅಲ್ಲಿಂದ. ಅದರ ತೊಡಕನ್ನೂ ಅವರು ಮರೆಮಾಚಲಿಲ್ಲ. ಒಂದು ಡಿಸ್ಕಿನ ಸರಾಸರಿ ಆಯುಷ್ಯ 30,000 ಗಂಟೆಯಾದರೆ, 100 ಡಿಸ್ಕುಗಳ ಸಾಲಿನಲ್ಲಿ ಸರಾಸರಿ 300 ಗಂಟೆಗೊಮ್ಮೆ, ಎಂದರೆ ಎರಡು ವಾರ ತುಂಬುವ ಮೊದಲೇ, ಒಂದು ಕೆಡುತ್ತದೆ. ರಕ್ಷಣೆಯ ಉಪಾಯವಿಲ್ಲದೆ ಅಂತಹ ಸಾಲು ನಿಷ್ಪ್ರಯೋಜಕ.

ಉಪಾಯವು ಸಂಪೂರ್ಣ ಹೊಸದೇನಲ್ಲ. ಕೆಟ್ಟ ಸ್ಮೃತಿಘಟಕದ ದತ್ತಾಂಶವನ್ನು ಮರಳಿ ಪಡೆಯುವ ವ್ಯವಸ್ಥೆಗೆ ಐಬಿಎಂನ ನಾರ್ಮನ್ ಔಚಿ ಎಂಬವರು 1978ರಲ್ಲಿಯೇ ಪೇಟೆಂಟು ಪಡೆದಿದ್ದರು. ಅದರ ತತ್ತ್ವ ಅತಿ ಸುಲಭ. ಮೂರು ಡಿಸ್ಕುಗಳಲ್ಲಿ ಒಂದೇ ಸ್ಥಾನದಲ್ಲಿ ಕ್ರಮವಾಗಿ 1, 0, 1 ಎಂದು ಬರೆದಿದೆ ಎನ್ನೋಣ. ಒಂದರ ಅಂಕಿಗಳು ಎರಡು, ಸಮಸಂಖ್ಯೆ. ಆದುದರಿಂದ ನಾಲ್ಕನೆಯದರಲ್ಲಿ 0 ಬರೆಯುತ್ತಾರೆ. ಬೆಸವಾಗಿದ್ದರೆ 1 ಬರೆದು ಸಮ ಮಾಡುತ್ತಾರೆ. ಎರಡನೆಯ ಡಿಸ್ಕು ನಾಶವಾದಾಗ ಉಳಿದವು 1, 1, 0. ಇವು ಈಗಾಗಲೇ ಸಮವಾಗಿರುವುದರಿಂದ ಹೋದ ಅಂಕಿ 0 ಎಂದು ನಿಶ್ಚಯಿಸಬಹುದು. ಸಾವಿರ ಪ್ರತಿ ಬೇಡ, ಪೂರ್ಣವಾದ ಎರಡನೆಯ ಪ್ರತಿಯೂ ಬೇಡ. ಲೆಕ್ಕದ ಗರಿಯೊಂದು ಸಾಕು.

ಇಲ್ಲಿ ಪಂಡಿತರು ವಿಶೇಷವಾಗಿ ಗಮನಿಸಬೇಕಾದ ಅಂಶವೊಂದಿದೆ. ಗ್ರಂಥಸಂಪಾದನೆಯಲ್ಲಿ ತ್ರುಟಿ ಬೇರೆ, ಅಪಪಾಠ ಬೇರೆ. ಗರಿಯ ಅಂಚು ಮುರಿದಿದ್ದರೆ ಅಕ್ಷರ ಎಲ್ಲಿ ಹೋಯಿತೆಂಬುದು ಕಣ್ಣಿಗೆ ಕಾಣುತ್ತದೆ. ಲಿಪಿಕಾರನು ತಪ್ಪಾಗಿ, ಆದರೆ ಸರಾಗವಾಗಿ ಬರೆದಿದ್ದರೆ ದೋಷದ ನೆಲೆಯೇ ತಿಳಿಯದು. 1950ರಲ್ಲಿ ಪ್ರಕಟವಾದ ರಿಚರ್ಡ್ ಹ್ಯಾಮಿಂಗ್ ಅವರ ಸಂಕೇತಪದ್ಧತಿ ಅಪಪಾಠಕ್ಕೆ ಮದ್ದು. ತಪ್ಪು ಎಲ್ಲಿದೆ ಎಂಬುದನ್ನೂ ಅದು ತೋರಿಸುತ್ತದೆ. ಅದಕ್ಕಾಗಿಯೇ ಅದಕ್ಕೆ ಹೆಚ್ಚಿನ ಡಿಸ್ಕುಗಳು ಬೇಕು. ಕೆಟ್ಟ ಡಿಸ್ಕಾದರೋ ತಾನು ಕೆಟ್ಟಿರುವುದನ್ನು ಸಾಮಾನ್ಯವಾಗಿ ತಾನೇ ತಿಳಿಸುತ್ತದೆ. ದೋಷದ ಸ್ಥಾನ ಗೊತ್ತಿರುವಾಗ ಒಂದೇ ಲೆಕ್ಕದ ಡಿಸ್ಕು ಸಾಕೆಂಬುದನ್ನು ಬರ್ಕ್ಲಿಯ ವಿದ್ವಾಂಸರು ಚೆನ್ನಾಗಿ ಬಳಸಿಕೊಂಡರು. ಆದರೆ ಡಿಸ್ಕು ಸುಮ್ಮನೆ ತಪ್ಪಕ್ಷರವನ್ನು ಓದಿಕೊಟ್ಟರೆ, ಲೆಕ್ಕ ತಾಳೆಯಾಗದೆಂದು ಮಾತ್ರ ತಿಳಿಯುತ್ತದೆ, ತಪ್ಪು ಯಾರದೆಂದು ತಿಳಿಯದು. ಈ ಮಿತಿಯನ್ನು ಅರಿಯದೆ ಶ್ರೇಣಿಯನ್ನು ಅಭೇದ್ಯವೆಂದು ನಂಬಿದವರು ಅನೇಕರು.

ಒಂದು ಡಿಸ್ಕು ಹೋದಾಗ ಹೊಸದನ್ನಿಟ್ಟು ಪಾಠವನ್ನು ತುಂಬಿಸುವುದು ವಾಡಿಕೆ. ಅದಕ್ಕಾಗಿ ಉಳಿದ ಡಿಸ್ಕುಗಳನ್ನೆಲ್ಲ ಆದ್ಯಂತ ಓದಬೇಕು. ಅಷ್ಟರಲ್ಲಿ ಎರಡನೆಯದೂ ಕೆಟ್ಟರೆ ಒಂದು ಲೆಕ್ಕದಿಂದ ಎರಡು ಲೋಪಗಳನ್ನು ತುಂಬಲಾಗದು. ಇದು ಅಪರೂಪದ ಆಕಸ್ಮಿಕವಲ್ಲ. ಬಿಯಾಂಕಾ ಶ್ರೋಡರ್ ಅವರೂ ಹಿಂದಿನ ಪ್ರಬಂಧದ ಅದೇ ಗಿಬ್ಸನ್ ಅವರೂ ಸುಮಾರು 1,00,000 ಡಿಸ್ಕುಗಳ ದಾಖಲೆ ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದಂತೆ, ತಯಾರಕರ ಅಂಕಿಗಳ ಪ್ರಕಾರ ವರ್ಷಕ್ಕೆ ಶೇ. 1ಕ್ಕಿಂತ ಕಡಮೆ ಇರಬೇಕಾಗಿದ್ದ ಬದಲಾವಣೆ ಶೇ. 2ರಿಂದ 4ರಷ್ಟು ಇರುವುದು ಸಾಮಾನ್ಯವಾಗಿತ್ತು. ಒಂದರ ನಾಶ ಮತ್ತೊಂದರಿಂದ ಸ್ವತಂತ್ರವೆಂಬ ಗ್ರಹಿಕೆಯೂ ನಿಲ್ಲಲಿಲ್ಲ. ಒಂದೇ ಪೆಟ್ಟಿಗೆಯ ಗರಿಗಳಿಗೆಲ್ಲ ಒಂದೇ ತೇವ, ಒಂದೇ ಹುಳು.

ಸಾಲು ಹೀಗೆ ಕುಸಿದ ಮೇಲೆ ನುರಿತವರು ಮೂಲದ ಮೇಲೆ ಏನನ್ನೂ ಬರೆಯುವುದಿಲ್ಲ. ಪ್ರತಿ ಡಿಸ್ಕನ್ನೂ ಬೇರೊಂದಕ್ಕೆ ಯಥಾಸ್ಥಿತಿಯಲ್ಲಿ ನಕಲು ಮಾಡುತ್ತಾರೆ. ಸುಲಭವಾಗಿ ಓದಬರುವ ಭಾಗಗಳು ಮೊದಲು, ಶಿಥಿಲ ಭಾಗಗಳು ಕೊನೆಗೆ. ಮುಂದಿನ ಕೆಲಸ ಕ್ರಮನಿರ್ಣಯ. ಪಾಠವು ತುಂಡುತುಂಡಾಗಿ ಡಿಸ್ಕಿನಿಂದ ಡಿಸ್ಕಿಗೆ ಸಾಗಿರುತ್ತದೆ. ಲೆಕ್ಕದ ತುಂಡು ಸಹ ಸರದಿಯಂತೆ ಸ್ಥಾನ ಬದಲಿಸುತ್ತದೆ. ತುಂಡಿನ ಅಳತೆ, ಡಿಸ್ಕುಗಳ ಅನುಕ್ರಮ, ಸರದಿಯ ರೀತಿ ಇವು ತಿಳಿಯದಿದ್ದರೆ, ಅಕ್ಷರಗಳೆಲ್ಲ ಉಳಿದಿದ್ದರೂ ದಾರ ಹರಿದು ಗರಿಯಂಕ ಅಳಿಸಿಹೋದ ಕಟ್ಟಿನಂತೆಯೇ ಸರಿ. ಒಂದು ತುಂಡಿನ ಕೊನೆಯ ವಾಕ್ಯ ಯಾವ ತುಂಡಿನ ಮೊದಲಿಗೆ ಅನ್ವಯಿಸುತ್ತದೆಂದು ಪರೀಕ್ಷಿಸಿಯೇ ಕ್ರಮವನ್ನು ಊಹಿಸಬೇಕಾಗುತ್ತದೆ.

ಇದಕ್ಕಿಂತಲೂ ಅಪಾಯಕಾರಿಯಾದುದು ಮಿಶ್ರಪಾಠ. ಸೋಮವಾರ ಸಾಲಿನಿಂದ ಹೊರಬಿದ್ದ ಡಿಸ್ಕಿನಲ್ಲಿ ಸೋಮವಾರದ ಪಾಠವಷ್ಟೇ ಇರುತ್ತದೆ. ಉಳಿದವು ಶುಕ್ರವಾರದವರೆಗೆ ಬರೆಯಿಸಿಕೊಂಡಿರುತ್ತವೆ. ಶುಕ್ರವಾರ ಎರಡನೆಯದು ಕೆಟ್ಟಾಗ ಆತುರದಿಂದ ಹಳೆಯದನ್ನು ಸೇರಿಸಿ ಲೆಕ್ಕ ಹಾಕಿದರೆ, ಎಂದೂ ಯಾರೂ ಬರೆಯದ ಪಾಠ ಹುಟ್ಟುತ್ತದೆ. ಅದನ್ನು ಮೂಲದ ಮೇಲೆಯೇ ಬರೆಯಿಸಿದರಂತೂ ಉಳಿದಿದ್ದುದೂ ಹೋದಂತೆ.

ಇಷ್ಟಾದರೂ ಶ್ರೇಣಿ ಶ್ರೇಣಿಯೇ ಹೊರತು ಪ್ರತ್ಯಂತರವಲ್ಲ. ಧವಳಾಟೀಕೆಯ ಪ್ರತಿಗಳು ಮೂಡುಬಿದಿರೆಯ ಹೊರಗೆ ಹೋಗಿದ್ದುದರಿಂದಲೇ 1939ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಹೊರಬರುವುದು ಸಾಧ್ಯವಾಯಿತು. ಗಣಕಲೋಕದಲ್ಲಿಯೂ ದೂರದ ಪ್ರತಿಗೆ ಇಂತಹುದೇ ಬೆಲೆಯಿದೆ. 2011ರ ಫೆಬ್ರವರಿಯಲ್ಲಿ ಗೂಗಲ್ ಸಂಸ್ಥೆಯ ಸಂಗ್ರಹ ತಂತ್ರಾಂಶದ ದೋಷದಿಂದ ಜಿಮೇಲ್ ಬಳಕೆದಾರರಲ್ಲಿ ಶೇ. 0.02ರಷ್ಟು ಮಂದಿಯ ಪತ್ರಗಳು ಕಾಣದಾದವು. ಬೇರೆಬೇರೆ ಊರುಗಳಲ್ಲಿ ಯಂತ್ರಕ್ಕೆ ಜೋಡಿಸಿಟ್ಟಿದ್ದ ಹಲವು ಪ್ರತಿಗಳಿಗೂ ಅದೇ ದೋಷ ತಗುಲಿತ್ತು. ತಗುಲದೆ ಉಳಿದುದು ಯಂತ್ರದಿಂದ ಕಳಚಿ ಬೇರೆ ಇರಿಸಿದ್ದ ಕಾಂತಪಟ್ಟಿಗಳಿಗೆ ಮಾತ್ರ. ಅವುಗಳಿಂದ ಓದಿ ತುಂಬಿಸುವ ಕೆಲಸ ನಿಧಾನವಾಗಿ ಸಾಗಿದರೂ ಪತ್ರಗಳು ಮರಳಿ ದೊರೆತವು.