ಜಿಲ್ಲೆ ಮೂರು ಸಲ ಬದಲಾಯ್ತು, 08398 ಬದಲಾಗಲಿಲ್ಲ: ಎಸ್‌ಟಿಡಿ ಕೋಡ್ ಹಂಚಿಕೆಯ ಕತೆ

ನಾನು ಹುಟ್ಟಿದಾಗ ನಮ್ಮೂರು ಹರಪನಹಳ್ಳಿ ಬಳ್ಳಾರಿ ಜಿಲ್ಲೆಯಲ್ಲಿತ್ತು. 1997ರಲ್ಲಿ ಜೆ.ಎಚ್. ಪಟೇಲ್ ಸರ್ಕಾರ ಏಳು ಹೊಸ ಜಿಲ್ಲೆ ಮಾಡಿದಾಗ ದಾವಣಗೆರೆಗೆ ಸೇರಿದೆವು. 371(ಜೆ) ಸೌಲಭ್ಯ ನಮಗೂ ಬೇಕು ಅಂತ ಹೋರಾಟ ನಡೆದು ಮತ್ತೆ ಬಳ್ಳಾರಿಗೆ ಬಂದೆವು. 2021ರಲ್ಲಿ ವಿಜಯನಗರ ಜಿಲ್ಲೆ. ಇಷ್ಟೆಲ್ಲ ಆಗುವಾಗ ಬದಲಾಗದೆ ಉಳಿದದ್ದು ಒಂದೇ, ಮನೆಯ ಲ್ಯಾಂಡ್‌ಲೈನ್‌ನ ಎಸ್‌ಟಿಡಿ ಕೋಡ್: 08398.

ಕಳೆದ ತಿಂಗಳು ಅಪ್ಪನ ಪಿಂಚಣಿಗೆ ಸಂಬಂಧಿಸಿದ ಒಂದು ಆನ್‌ಲೈನ್ ಅರ್ಜಿ ತುಂಬುತ್ತಿದ್ದೆ. ಎಸ್‌ಟಿಡಿ ಕೋಡ್ ಹಾಕುವ ಜಾಗದಲ್ಲಿ ನಾಲ್ಕೇ ಅಂಕಿ ಹಿಡಿಯುತ್ತಿತ್ತು. ನಮ್ಮದು ಐದು. ಆ ಪುಟ ಮಾಡಿದವರಿಗೆ ತಾಲ್ಲೂಕಿನಲ್ಲೂ ಲ್ಯಾಂಡ್‌ಲೈನ್ ಇರುತ್ತದೆ ಅನ್ನೋದೇ ಹೊಳೆದಿರಲಿಕ್ಕಿಲ್ಲ. ಪಕ್ಕದಲ್ಲಿ ಕೂತಿದ್ದ, ಡಿಗ್ರಿ ಓದುತ್ತಿರುವ ಚಿಕ್ಕಪ್ಪನ ಮಗ ಕೇಳಿದ: "ಅಣ್ಣಾ, ಈ ಕೋಡ್ ಯಾರು ಕೊಡ್ತಾರೆ?" ಎಂಜಿನಿಯರಿಂಗ್‌ನಲ್ಲಿ ಟೆಲಿಫೋನ್ ಸ್ವಿಚಿಂಗ್ ಓದಿ ಪಾಸಾದವನು ನಾನು. ಆದರೂ ನೆಟ್ಟಗೆ ಉತ್ತರ ಹೇಳೋಕೆ ಒಂದು ವಾರ ಹಿಡಿಯಿತು.

ಹತ್ತು ಅಂಕಿಯ ಲೆಕ್ಕ

ಕೋಡ್ ಕೊಡುವುದು ರಾಜ್ಯ ಸರ್ಕಾರವಲ್ಲ, ಕೇಂದ್ರದ ದೂರಸಂಪರ್ಕ ಇಲಾಖೆ. ಟ್ರಾಯ್ ಸಲಹೆ ಕೊಡುತ್ತದೆ, ತೀರ್ಮಾನ ಇಲಾಖೆಯದ್ದು. ಈಗ ಬಳಕೆಯಲ್ಲಿರುವ ವ್ಯವಸ್ಥೆಗೆ 2003ರ ರಾಷ್ಟ್ರೀಯ ಸಂಖ್ಯಾ ಯೋಜನೆಯೇ ಆಧಾರ. ಅದರ ಪ್ರಕಾರ ಇಡೀ ದೇಶವನ್ನು 2,647 ಸಣ್ಣ ಕರೆ ವಲಯಗಳಾಗಿ ಹಂಚಲಾಗಿದೆ. ಇಲಾಖೆಯ ಭಾಷೆಯಲ್ಲಿ ಎಸ್‌ಡಿಸಿಎ. ಹೆಚ್ಚುಕಡಿಮೆ ಒಂದು ತಾಲ್ಲೂಕಿಗೆ ಒಂದು ಅಂದುಕೊಳ್ಳಿ. ಇಂಥವನ್ನು ಗುಂಪು ಮಾಡಿದ ದೊಡ್ಡ ವಲಯಗಳು 322. ಇವು ಹೆಚ್ಚಾಗಿ ಹಳೇ ಜಿಲ್ಲೆಗಳ ಅಳತೆಯವು.

ಶುರುವಿನ ಸೊನ್ನೆ ಕೋಡ್‌ನ ಭಾಗವಲ್ಲ. "ಇದು ಊರಾಚೆಯ ಕರೆ" ಅಂತ ಎಕ್ಸ್‌ಚೇಂಜ್‌ಗೆ ಹೇಳುವ ಗುರುತು ಅಷ್ಟೆ. ಅದನ್ನು ಬಿಟ್ಟರೆ ಕೋಡ್ ಮತ್ತು ಮನೆಯ ನಂಬರ್ ಸೇರಿ ಯಾವಾಗಲೂ ಹತ್ತು ಅಂಕಿ. ಬೆಂಗಳೂರಿನ ಕೋಡ್ 80, ಎರಡಂಕಿ, ಆದ್ದರಿಂದ ನಂಬರ್ ಎಂಟು ಅಂಕಿ. ಮೈಸೂರಿನ 821ಕ್ಕೆ ಏಳು. ಹರಪನಹಳ್ಳಿಯ 8398ಕ್ಕೆ ಆರು.

ನಂಬರಿನ ಮೊದಲ ಅಂಕಿ 2ರಿಂದ 6ರೊಳಗೆ ಇರಬೇಕು ಅನ್ನೋದು ಆ ಯೋಜನೆಯ ನಿಯಮ. ಹಾಗಾಗಿ ನಮ್ಮ ತಾಲ್ಲೂಕಿನಲ್ಲಿ ಹೆಚ್ಚೆಂದರೆ 5 ಲಕ್ಷ ನಂಬರ್ ಸಾಧ್ಯ, ಮೈಸೂರಿನಲ್ಲಿ 50 ಲಕ್ಷ, ಬೆಂಗಳೂರಿನಲ್ಲಿ 5 ಕೋಟಿ. ಆ ಮೊದಲ ಅಂಕಿಯನ್ನೂ ಕಂಪನಿಗಳಿಗೆ ಹಂಚಿದ್ದರು: 2 ಬಿಎಸ್‌ಎನ್‌ಎಲ್‌ಗೆ, 4 ಏರ್‌ಟೆಲ್‌ಗೆ. ಹಳೇ ನಂಬರುಗಳ ಹಿಂದೆ ಒಂದು 2 ಬಂದು ಕೂತದ್ದು ಹೀಗೆ.

ನಂಬರ್ ಸಾಲದೆ ಬಂದರೆ? ಕೋಡ್ ಒಂದಂಕಿ ಮೋಟಾಗಿಸಿ, ನಂಬರ್ ಒಂದಂಕಿ ಉದ್ದ ಮಾಡುವುದು ನಮ್ಮ ದಾರಿ. ಬೆಂಗಳೂರು ಮೊದಲು 0812 ಆಗಿತ್ತು, ಆಮೇಲೆ 080 ಆಯ್ತು. ಉಡುಪಿ 08252 ಇದ್ದದ್ದು 0820 ಆಯ್ತು. ಅಮೆರಿಕದ ದಾರಿ ಬೇರೆ. ಅಲ್ಲಿ ಕೋಡ್ ಮೂರಂಕಿ, ನಂಬರ್ ಏಳಂಕಿ, ಎರಡೂ ಅಲುಗುವುದಿಲ್ಲ. ಹಾಗಾಗಿ ಊರನ್ನೇ ಸೀಳಿ ಹೊಸ ಕೋಡ್ ಕೊಡುತ್ತಾರೆ, ಇಲ್ಲವೇ ಅದೇ ಊರಿನ ಮೇಲೆ ಇನ್ನೊಂದು ಕೋಡ್ ಹೊದಿಸುತ್ತಾರೆ. ನ್ಯೂಯಾರ್ಕ್‌ನಲ್ಲಿ 1984ರಲ್ಲಿ 212 ಮ್ಯಾನ್‌ಹಟನ್ ಕಡೆ ಉಳಿಯಿತು, ಬ್ರೂಕ್ಲಿನ್ ಮತ್ತು ಕ್ವೀನ್ಸ್‌ಗೆ 718 ಬಂತು. 212 ಇರುವವರದ್ದು ಒಂದು ತೂಕ ಜಾಸ್ತಿ ಅನ್ನೋ ಭಾವನೆ ಅಲ್ಲಿ ಬಹಳ ಕಾಲ ಇತ್ತು.

ಕೊಂಬೆ ಖಾಲಿ ಇರಬೇಕು

ಕೋಡ್ ಮೋಟಾಗಿಸೋದು ಕೇಳಿದಷ್ಟು ಸುಲಭವಲ್ಲ. ಎಕ್ಸ್‌ಚೇಂಜ್ ಅಂಕಿಗಳನ್ನು ಎಡದಿಂದ ಒಂದೊಂದಾಗಿ ಓದಿಕೊಂಡು ದಾರಿ ಹುಡುಕುತ್ತದೆ. ಆದ್ದರಿಂದ ಒಂದು ಕೋಡ್ ಇನ್ನೊಂದು ಕೋಡ್‌ನ ಆರಂಭವಾಗಿರಬಾರದು. 080 ಬೆಂಗಳೂರಿಗೆ ಹೋಯಿತು ಅಂದರೆ 080ರಿಂದ ಶುರುವಾಗುವ ಬೇರೆ ಯಾವ ಕೋಡೂ ದೇಶದಲ್ಲಿ ಇರುವಂತಿಲ್ಲ. ಮರದ ಕೊಂಬೆ ಥರ ನೋಡಿ. ಒಂದು ಊರಿಗೆ ದಪ್ಪ ಕೊಂಬೆ ಕೊಟ್ಟರೆ ಅದರ ಕವಲುಗಳೆಲ್ಲ ಆ ಊರಿನವೇ.

ತುಮಕೂರಿಗೆ 0816 ದಕ್ಕಿರುವುದು ಹೀಗೆ. ತಿಪಟೂರು 08134, ಶಿರಾ 08135, ಪಾವಗಡ 08136, ಅಂದರೆ ಆ ಜಿಲ್ಲೆಯ ತಾಲ್ಲೂಕುಗಳು ಬೇರೆ ಕೊಂಬೆಯಲ್ಲಿವೆ. ಬಳ್ಳಾರಿ ನೋಡಿ. ಅದು ಮಹಾನಗರ ಪಾಲಿಕೆ, ಕೋಡ್ ಮಾತ್ರ 08392. ಅದನ್ನು 0839 ಮಾಡೋಣ ಅಂದರೆ ಅದೇ ಕೊಂಬೆಯಲ್ಲಿ ಹೊಸಪೇಟೆಯ 08394 ಇದೆ, ಸಂಡೂರಿನ 08395 ಇದೆ, ನಮ್ಮ 08398 ಇದೆ. ಕಲಬುರಗಿಯದ್ದೂ ಇದೇ ಕತೆ: 08472, ಪಕ್ಕದಲ್ಲೇ ಯಾದಗಿರಿಯ 08473.

ಸೊನ್ನೆ ಬಿಟ್ಟು ಮೂರು ಅಥವಾ ಎರಡು ಅಂಕಿಯ ಕೋಡ್ ಇರುವ ಊರುಗಳ ಪಟ್ಟಿ ಬರೆದುಕೊಂಡೆ. ಬೆಂಗಳೂರು 080, ಮೈಸೂರು 0821, ಮಂಗಳೂರು 0824, ಉಡುಪಿ 0820, ತುಮಕೂರು 0816, ಹುಬ್ಬಳ್ಳಿ-ಧಾರವಾಡ 0836, ಬೆಳಗಾವಿ 0831. ಕಲ್ಯಾಣ ಕರ್ನಾಟಕದಿಂದ ಒಂದೂ ಇಲ್ಲ. ಬೀದರ್ 08482, ರಾಯಚೂರು 08532, ಕೊಪ್ಪಳ 08539. ಇದನ್ನು ಪಿತೂರಿ ಅಂತ ನಾನು ಹೇಳೋದಿಲ್ಲ. ಶಿವಮೊಗ್ಗ, ದಾವಣಗೆರೆ, ವಿಜಯಪುರಕ್ಕೂ ಸಿಕ್ಕಿಲ್ಲ. ಫೋನ್ ಎಲ್ಲಿ ಹೆಚ್ಚೋ ಅಲ್ಲಿಗೆ ದೊಡ್ಡ ಕೋಡ್, ಇದು ಬರೀ ಬೇಡಿಕೆಯ ಲೆಕ್ಕ. ಆದರೆ ಫೋನ್ ಯಾಕೆ ಅಲ್ಲಿ ಹೆಚ್ಚಿತ್ತು, ಇಲ್ಲಿ ಕಡಿಮೆ ಇತ್ತು ಅಂತ ಕೇಳಿದರೆ ಅದೇ ಹಳೇ ಉತ್ತರಕ್ಕೆ ಬಂದು ನಿಲ್ಲುತ್ತೇವೆ. 0825 ಕೊಂಬೆಯಲ್ಲಿದ್ದ ಉಡುಪಿಗೆ ಖಾಲಿ ಕೊಂಬೆ ಹುಡುಕಿಕೊಟ್ಟರು. ಬಳ್ಳಾರಿಗೆ ಆ ಅಗತ್ಯವೇ ಯಾರಿಗೂ ಕಾಣಲಿಲ್ಲ.

ಗಡಿಗಳು

ಕೋಡ್‌ಗಳಲ್ಲಿ ಹಳೇ ಜಿಲ್ಲಾ ನಕ್ಷೆ ಹಾಗೇ ಉಳಿದುಕೊಂಡಿದೆ. ಬಾಗಲಕೋಟೆಯ 08354 ಓದಿದರೆ ಅದು ವಿಜಯಪುರದ 08352ರ ಮನೆಯದ್ದು ಅಂತ ಗೊತ್ತಾಗುತ್ತದೆ. ಕೊಪ್ಪಳ ರಾಯಚೂರಿನ ಕವಲು. ರಾಮನಗರದಲ್ಲಿ ಮಾತ್ರ ಟೆಲಿಫೋನ್‌ನವರು ರಾಜಕಾರಣಿಗಳಿಗಿಂತ ಮುಂದೆ ಓಡಿದ್ದಾರೆ. ರಾಮನಗರ, ಮಾಗಡಿ, ಕನಕಪುರದ ನಂಬರುಗಳು ಬಹಳ ವರ್ಷಗಳಿಂದ 080ರಲ್ಲೇ ಇವೆ, 27ರಿಂದ ಶುರುವಾಗುತ್ತವೆ. ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಡಲು ರಾಜ್ಯ ಸಂಪುಟ ಒಪ್ಪಿದ್ದು 2025ರ ಮೇನಲ್ಲಿ.

ರಾಜ್ಯದ ಗಡಿಯಲ್ಲಿ ಬಿಗಿ ಜಾಸ್ತಿ. ಅತ್ತಿಬೆಲೆ 080, ಗಡಿ ದಾಟಿದ ಕೂಡಲೇ ಸಿಗುವ ಹೊಸೂರು 04344. ಕಾಸರಗೋಡು 04994, ಕೇರಳದ ಸಾಲಿನಲ್ಲಿ. ಗೋವಾ ಒಂದು ವಿಚಿತ್ರ. ಅದರ ಕೋಡ್ 0832, ಬೆಳಗಾವಿಯ 0831ರ ಪಕ್ಕದಲ್ಲೇ. ಆದರೆ ಟೆಲಿಕಾಂ ಲೈಸೆನ್ಸ್ ಲೆಕ್ಕದಲ್ಲಿ ಗೋವಾ ಮಹಾರಾಷ್ಟ್ರ ವಲಯಕ್ಕೆ ಸೇರಿದೆ. ಆಂಧ್ರ ಮತ್ತು ತೆಲಂಗಾಣ 2014ರಲ್ಲೇ ಬೇರೆಯಾದವು, ಲೈಸೆನ್ಸ್ ವಲಯ ಇನ್ನೂ ಒಂದೇ.

ಈ ಲೈಸೆನ್ಸ್ ವಲಯದ ಮಾತು ಯಾಕೆ ಬಂತು ಅಂದರೆ, ಮುಂದಿನ ಬದಲಾವಣೆ ಇರುವುದು ಅದರ ಮೇಲೆಯೇ.

ತಾಲ್ಲೂಕು ಹೋಗಿ ರಾಜ್ಯ

2025ರ ಫೆಬ್ರವರಿಯಲ್ಲಿ ಟ್ರಾಯ್ ಹೊಸ ಸಂಖ್ಯಾ ಯೋಜನೆಗೆ ಶಿಫಾರಸು ಮಾಡಿತು. ಲ್ಯಾಂಡ್‌ಲೈನ್ ನಂಬರನ್ನು ತಾಲ್ಲೂಕು ಮಟ್ಟದ ಎಸ್‌ಡಿಸಿಎ ಲೆಕ್ಕದಲ್ಲಿ ಹಂಚುವುದನ್ನು ಬಿಟ್ಟು ಲೈಸೆನ್ಸ್ ವಲಯದ ಲೆಕ್ಕಕ್ಕೆ ತರಬೇಕು ಅಂತ. ನಮ್ಮ ಮಟ್ಟಿಗೆ ಇಡೀ ಕರ್ನಾಟಕ ಒಂದೇ ವಲಯ. ಈಗಿರುವ ಗ್ರಾಹಕರ ನಂಬರ್ ಬದಲಾಗುವುದಿಲ್ಲ. ಆದರೆ ಲ್ಯಾಂಡ್‌ಲೈನ್‌ನಿಂದ ಲ್ಯಾಂಡ್‌ಲೈನ್‌ಗೆ, ಅದೇ ಊರೊಳಗೆ ಮಾಡಿದರೂ, 0 ಮತ್ತು ಕೋಡ್ ಸೇರಿಸಿಯೇ ಒತ್ತಬೇಕು.

ಎಂಜಿನಿಯರ್ ಆಗಿ ಇದಕ್ಕೆ ನನ್ನ ತಕರಾರಿಲ್ಲ. ನಂಬರುಗಳನ್ನು ಪ್ರತಿ ಎಸ್‌ಡಿಸಿಎಗೂ ಬೇರೆಬೇರೆ ಕಟ್ಟುಗಳಾಗಿ ಕೊಡುತ್ತಾರೆ. ಒಂದು ತಾಲ್ಲೂಕಿನಲ್ಲಿ ಕಟ್ಟು ಧೂಳು ಹಿಡಿದು ಬಿದ್ದಿದ್ದರೂ ನಂಬರ್ ಸಾಲದ ಊರಿಗೆ ಅದನ್ನು ಎತ್ತಿಕೊಡೋಕೆ ಬರೋದಿಲ್ಲ. ಇಡೀ ರಾಜ್ಯ ಒಂದೇ ಬುಟ್ಟಿಯಾದರೆ ಈ ದುಂದು ತಪ್ಪುತ್ತದೆ, ಕೊಂಬೆಯ ಜಗಳವೂ ಮುಗಿಯುತ್ತದೆ. ಎಸ್‌ಟಿಡಿ ದರದ ಕಾಲ ಮುಗಿದ ಮೇಲೆ ಕೋಡ್‌ಗೆ ಇದ್ದ ಮುಖ್ಯ ಕೆಲಸವೂ ಮುಗಿದಿದೆ. ಮೊಬೈಲ್‌ನಲ್ಲಿ ಇದು ಆಗಲೇ ಆಗಿಹೋಗಿದೆ. 9448, 9845 ನೋಡಿದರೆ ಕರ್ನಾಟಕದ ನಂಬರ್ ಅನ್ನುತ್ತಿದ್ದೆವು. 2015ರ ಜುಲೈನಿಂದ ರಾಜ್ಯ ಬಿಟ್ಟು ರಾಜ್ಯಕ್ಕೆ ಹೋದರೂ ನಂಬರ್ ಉಳಿಸಿಕೊಳ್ಳಬಹುದಾದ್ದರಿಂದ ಆ ಗುರುತು ಸವೆದಿದೆ. ಈಗ ನಂಬರಿನ ಮೊದಲ ಅಂಕಿಗಳು ಕರೆ ಎಲ್ಲಿಂದ ಅನ್ನೋದಕ್ಕಿಂತ ಯಾರಿಂದ ಅನ್ನೋದನ್ನು ಹೇಳೋ ಕಡೆ ಹೊರಟಿವೆ: ಜಾಹೀರಾತಿಗೆ 140, ಬ್ಯಾಂಕಿನಂಥವರ ಸೇವಾ ಕರೆಗೆ 160.

ನನ್ನ ಅನುಮಾನ ಇರುವುದು ಬೇರೆ ಕಡೆ. ತಾಲ್ಲೂಕು ಕಚೇರಿಯಿಂದ, ಸರ್ಕಾರಿ ಆಸ್ಪತ್ರೆಯಿಂದ ಕರೆ ಬಂದರೆ ಕೋಡ್ ನೋಡಿಯೇ "ನಮ್ಮೂರಿಂದ" ಅಂತ ಎತ್ತುವವರು ಇನ್ನೂ ಇದ್ದಾರೆ. ಆ ನಂಬಿಕೆಯ ಜಾಗಕ್ಕೆ ಏನು ಬರುತ್ತದೆ ಅನ್ನೋದನ್ನು ಮೊದಲು ಹೇಳಬೇಕು. ಈ ಬದಲಾವಣೆ ತಿಳಿಯಬೇಕಾದವರು ಟ್ರಾಯ್‌ನ ಪಿಡಿಎಫ್ ಓದುವವರಲ್ಲ. ಕನ್ನಡದಲ್ಲಿ, ಬಿಲ್‌ನ ಹಿಂಬದಿಯಲ್ಲಿ, ದೊಡ್ಡಕ್ಷರದಲ್ಲಿ ಅದನ್ನು ಅಚ್ಚು ಹಾಕಲಿ.

ಅಪ್ಪನಿಗೆ ಇದನ್ನೆಲ್ಲ ಹೇಳಿದೆ. "ಎದುರು ಮನೆಗೆ ಮಾಡೋಕೂ ಸೊನ್ನೆ ಒತ್ತಬೇಕೇನಪ್ಪಾ?" ಅಂದರು. ಹೌದು, ಆರು ಅಂಕಿ ಇದ್ದದ್ದು ಹನ್ನೊಂದಾಗುತ್ತದೆ ಅಂದೆ. ಗೋಡೆಯ ಕ್ಯಾಲೆಂಡರ್ ಮೇಲೆ ಬರೆದುಕೊಂಡಿದ್ದ ನಂಬರುಗಳ ಹಿಂದೆಲ್ಲ ಪೆನ್ನಿನಿಂದ 08398 ಸೇರಿಸುತ್ತಾ ಕೂತರು.