ಚೆಂಡು ಹೆಬ್ಬಾವಿಗೆ ಎಂಥ ಗೂಡು? ಸಾಕುವವರು ತಿಳಿದಿರಬೇಕಾದ ಸಂಗತಿಗಳು

ಹೆದರಿದಾಗ ತಲೆಯನ್ನು ಮೈಸುರುಳಿಯ ನಡುವೆ ಹುದುಗಿಸಿ ಚೆಂಡಿನಂತಾಗಿಬಿಡುವ ಸ್ವಭಾವದಿಂದಲೇ 'ಬಾಲ್ ಪೈಥಾನ್' ಎಂಬ ಹೆಸರು ಪಡೆದ ಹಾವು, ಇಂದು ಜಗತ್ತಿನಲ್ಲಿ ಅತ್ಯಂತ ಹೆಚ್ಚಾಗಿ ಸಾಕಲ್ಪಡುತ್ತಿರುವ ಹಾವುಗಳಲ್ಲೊಂದು. ಬ್ರಿಟನ್ನಿನಲ್ಲಿ ಇದಕ್ಕೆ 'ರಾಯಲ್ ಪೈಥಾನ್' ಎಂಬ ಹೆಸರೂ ಉಂಟು. ವಿಷವಿಲ್ಲದ, ನಿಧಾನ ಚಲನೆಯ, ಕಚ್ಚುವುದಕ್ಕಿಂತ ಅಡಗುವುದನ್ನೇ ಇಷ್ಟಪಡುವ ಈ ಜೀವಿ ಬೆಂಗಳೂರಿನಂತಹ ನಗರಗಳ ಫ್ಲಾಟುಗಳಿಗೂ ಕಾಲಿಟ್ಟಿದೆ. ಕಾಲಿಲ್ಲದ ಪ್ರಾಣಿಯ ಬಗ್ಗೆ ಹಾಗೆ ಹೇಳಬಹುದಾದರೆ. ಆದರೆ ಇದನ್ನು ಕೊಳ್ಳುವವರು ಹಾವಿನ ಬಣ್ಣಕ್ಕೆ ಕೊಡುವ ಗಮನದ ಕಾಲುಭಾಗವನ್ನೂ ಅದು ವಾಸಿಸಬೇಕಾದ ಗೂಡಿಗೆ ಕೊಡುವುದಿಲ್ಲ. ಸಾಕಿದ ಚೆಂಡು ಹೆಬ್ಬಾವುಗಳನ್ನು ಕಾಡುವ ಶ್ವಾಸಕೋಶದ ಸೋಂಕು, ಹೊಟ್ಟೆಯಡಿಯ ಸುಟ್ಟಗಾಯ, ಪೊರೆ ಸರಿಯಾಗಿ ಕಳಚದಿರುವಿಕೆ, ತಿಂಗಳುಗಟ್ಟಲೆ ಆಹಾರ ನಿರಾಕರಣೆ ಮೊದಲಾದ ಬಹುಪಾಲು ತೊಂದರೆಗಳ ಮೂಲ ಗೂಡಿನಲ್ಲಿಯೇ ಇರುತ್ತದೆ.

ಗೂಡಿಗಿಂತ ಮೊದಲು ದಾಖಲೆ

ಭಾರತದಲ್ಲಿ ಈ ವಿಷಯವನ್ನು ಕಾನೂನಿನಿಂದಲೇ ಆರಂಭಿಸಬೇಕು. ನಮ್ಮ ಕಾಡುಗಳ ಹೆಬ್ಬಾವನ್ನಾಗಲಿ, ಕೇರೆಯನ್ನಾಗಲಿ, ಮಣ್ಣುಮುಕ್ಕ ಹಾವನ್ನಾಗಲಿ ಮನೆಯಲ್ಲಿ ಇಟ್ಟುಕೊಳ್ಳುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧ. ಚೆಂಡು ಹೆಬ್ಬಾವು ವಿದೇಶಿ ತಳಿಯಾದ್ದರಿಂದ ಈ ನಿಷೇಧಕ್ಕೆ ಒಳಪಡದಿದ್ದರೂ, ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿದೆ. 2022ರಲ್ಲಿ ತಿದ್ದುಪಡಿಯಾಗಿ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ಕಾಯ್ದೆಯು ಸೈಟಿಸ್ ಪಟ್ಟಿಯ ಜೀವಿಗಳನ್ನು ತನ್ನ ನಾಲ್ಕನೇ ಅನುಸೂಚಿಗೆ ತಂದಿತು. ಅದರ ಬೆನ್ನಿಗೇ 2024ರ ಫೆಬ್ರುವರಿಯಲ್ಲಿ ಕೇಂದ್ರ ಪರಿಸರ ಸಚಿವಾಲಯ ಪ್ರಕಟಿಸಿದ ನಿಯಮಗಳಂತೆ, ಇಂತಹ ಪ್ರಾಣಿ ಕೈಸೇರಿದ 30 ದಿನಗಳೊಳಗೆ 'ಪರಿವೇಶ್' ಜಾಲತಾಣದ ಮೂಲಕ ನೋಂದಣಿಗೆ ಅರ್ಜಿ ಸಲ್ಲಿಸಬೇಕು. ಹಾವನ್ನು ಬೇರೆಯವರಿಗೆ ಕೊಟ್ಟರೆ ಅಥವಾ ಅದು ಮರಿ ಮಾಡಿದರೆ ಅದನ್ನೂ ತಿಳಿಸಬೇಕು.

ಮಾರುವವನ ಬಳಿ ಕಾಗದಪತ್ರವಿಲ್ಲದಿದ್ದರೆ ವ್ಯವಹಾರ ಅಲ್ಲಿಗೇ ಮುಗಿಯಬೇಕು. ಇದು ಬರಿಯ ಔಪಚಾರಿಕತೆಯ ಮಾತಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನ ಕೆಂಪೇಗೌಡ ಅಂತಾರಾಷ್ಟ್ರೀಯ ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದ ಸಾಮಾನಿನೊಳಗೆ ಸುಂಕ ಅಧಿಕಾರಿಗಳಿಗೆ ಸಿಕ್ಕಿದ್ದು 78 ಪ್ರಾಣಿಗಳು. ಅವುಗಳಲ್ಲಿ 55 ಬಗೆಬಗೆಯ ಬಣ್ಣದ ಚೆಂಡು ಹೆಬ್ಬಾವುಗಳು, 17 ಕಾಳಿಂಗ ಸರ್ಪಗಳು. ಜೊತೆಯಲ್ಲಿದ್ದ ಆರು ಕ್ಯಾಪುಚಿನ್ ಕೋತಿಗಳು ಸತ್ತಿದ್ದವು. ಅಗ್ಗಕ್ಕೆ ಸಿಗುವ ಹಾವು ಇಂತಹ ಪೆಟ್ಟಿಗೆಯೊಂದರಿಂದ ತಪ್ಪಿಸಿಕೊಂಡು ಬಂದದ್ದೇ ಆಗಿರಬಹುದು.

ಹುಟ್ಟೂರು ಹೇಳುವ ಪಾಠ

ಈ ಹಾವಿನ ತವರು ಪಶ್ಚಿಮ ಹಾಗೂ ಮಧ್ಯ ಆಫ್ರಿಕಾ. ಸೆನೆಗಲ್‌ನಿಂದ ಉಗಾಂಡದವರೆಗಿನ ಹುಲ್ಲುಗಾವಲು, ಕುರುಚಲು ಕಾಡು, ಹೊಲಗದ್ದೆಗಳ ಅಂಚು ಇದರ ನೆಲೆ. ಘಾನಾ, ಟೋಗೋ ಮತ್ತು ಬೆನಿನ್ ದೇಶಗಳಿಂದ ಇದು ದಶಕಗಳ ಕಾಲ ಲಕ್ಷಾಂತರ ಸಂಖ್ಯೆಯಲ್ಲಿ ರಫ್ತಾಗಿದೆ. ಹಗಲಿನಲ್ಲಿ ಇಲಿಗಳ ಬಿಲದಲ್ಲಿಯೋ ಪಾಳುಬಿದ್ದ ಗೆದ್ದಲು ಹುತ್ತದಲ್ಲಿಯೋ ಮಲಗಿದ್ದು ಕತ್ತಲಾದ ಬಳಿಕ ಹೊರಬರುತ್ತದೆ. ಹುತ್ತಕ್ಕೂ ಹಾವಿಗೂ ಇರುವ ನಂಟು ಕನ್ನಡಿಗರಿಗೆ ಹೇಳಿಕೊಡಬೇಕಾದುದೇನಲ್ಲ.

ಹೊರಗೆ ಬಿಸಿಲು ಸುಡುತ್ತಿದ್ದರೂ ಬಿಲದ ಒಳಗೆ ತಂಪು, ತೇವ ಮತ್ತು ಕತ್ತಲು ಇರುತ್ತವೆ. ಮೈ ನಾಲ್ಕೂ ಕಡೆಯಿಂದ ಗೋಡೆಗೆ ತಾಗುವಷ್ಟು ಇಕ್ಕಟ್ಟೂ ಇರುತ್ತದೆ. ರಾತ್ರಿ ಹೊರಬಂದರೆ ವಿಶಾಲ ಬಯಲು. ಮರವೇರುವುದೂ ಇದಕ್ಕೆ ಹೊಸದಲ್ಲ. ಅದರಲ್ಲೂ ಗಂಡು ಹಾವುಗಳು ಮರದ ಮೇಲಿನ ಹಕ್ಕಿಗಳನ್ನು ಬೇಟೆಯಾಡುವುದುಂಟು. ಗೂಡನ್ನು ಆಯ್ಕೆ ಮಾಡುವವರು ಇಕ್ಕಟ್ಟಾದ ಬಿಲ, ವಿಶಾಲವಾದ ಬಯಲು ಇವೆರಡನ್ನೂ ಒಂದೇ ಆವರಣದೊಳಗೆ ಒದಗಿಸಬೇಕಾಗುತ್ತದೆ.

ಎಷ್ಟು ದೊಡ್ಡದು?

ಮೊಟ್ಟೆಯೊಡೆದು ಬಂದ ಮರಿ ಸುಮಾರು ಒಂದೂವರೆ ಅಡಿಯೊಳಗಿನದು. ಬೆಳೆದ ಗಂಡು ಮೂರರಿಂದ ಮೂರೂವರೆ ಅಡಿ, ಹೆಣ್ಣು ನಾಲ್ಕರಿಂದ ಐದು ಅಡಿ ಉದ್ದವಿರುತ್ತದೆ. ಹಾವು ತನ್ನ ಮೈಯನ್ನು ಪೂರ್ತಿಯಾಗಿ ಚಾಚಲು ಆಗಬೇಕು ಎಂಬುದು ಈಗ ಬಹುತೇಕ ಪಶುವೈದ್ಯರು ಒಪ್ಪುವ ಅಳತೆಗೋಲು. ಅದರಂತೆ ಬೆಳೆದ ಹಾವಿಗೆ 4 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಆವರಣ ಕನಿಷ್ಠ. ಐದಡಿ ಸಮೀಪಿಸುವ ಹೆಣ್ಣಿಗೆ ಇದೂ ಚಿಕ್ಕದೇ.

ದೊಡ್ಡ ಗೂಡಿನಲ್ಲಿ ಚೆಂಡು ಹೆಬ್ಬಾವು ಭಯಪಟ್ಟು ಆಹಾರ ಬಿಡುತ್ತದೆ ಎಂಬ ಮಾತು ಮಾರಾಟಗಾರರ ಬಾಯಲ್ಲಿ ಆಗಾಗ ಕೇಳಿಬರುತ್ತದೆ. ಇದರಲ್ಲಿ ಅರ್ಧ ಸತ್ಯವಿದೆ. ಖಾಲಿ ಗೂಡಿನಲ್ಲಿ ಅದು ನಿಜಕ್ಕೂ ಹೆದರುತ್ತದೆ. ನಾಲ್ಕಡಿ ಪೆಟ್ಟಿಗೆಯ ನಡುವೆ ಒಂದು ನೀರಿನ ಬಟ್ಟಲು, ಒಂದು ಮಡಕೆಚೂರು ಇಟ್ಟು ಹಾವನ್ನು ಬಿಟ್ಟರೆ ಅದು ಬಯಲಿನಲ್ಲಿ ಸಿಕ್ಕಿಬಿದ್ದ ಸ್ಥಿತಿ. ಅದೇ ಜಾಗವನ್ನು ಕೊಂಬೆ, ತೊಗಟೆ, ಒಣ ಎಲೆ, ಕೃತಕ ಬಳ್ಳಿಗಳಿಂದ ತುಂಬಿ, ಒಂದೆಡೆಯಿಂದ ಇನ್ನೊಂದೆಡೆಗೆ ಮರೆಯಲ್ಲೇ ಸಾಗುವಂತೆ ಮಾಡಿದರೆ ಮರಿಯೂ ದೊಡ್ಡ ಗೂಡಿಗೆ ಒಗ್ಗುತ್ತದೆ. ಚಿಕ್ಕ ಗೂಡಿನಿಂದ ಆರಂಭಿಸುವುದು ತಪ್ಪಲ್ಲ, ಆದರೆ ಅದು ಹಾವಿನ ಅಗತ್ಯಕ್ಕಿಂತ ಹೆಚ್ಚಾಗಿ ಸಾಕುವವರ ಅನುಕೂಲ.

ತಳಿ ಬೆಳೆಸುವವರು ಬಳಸುವ ಪ್ಲಾಸ್ಟಿಕ್ ಡಬ್ಬಿಗಳ ಸಾಲು ಕಪಾಟು ಬಹುಕಾಲದ ವಿವಾದದ ವಸ್ತು. ಶಾಖ, ತೇವಾಂಶ ಹದವಾಗಿ ಉಳಿಯುತ್ತವೆ, ಸ್ವಚ್ಛತೆ ಸುಲಭ, ಹಾವುಗಳು ತಿನ್ನುತ್ತವೆ, ಮರಿ ಮಾಡುತ್ತವೆ ಎಂಬುದು ಅವರ ವಾದ. ಇವೆಲ್ಲವೂ ನಿಜವೇ. ಆದರೆ ನೂರು ಹಾವುಗಳನ್ನು ಒಂದೇ ಕೋಣೆಯಲ್ಲಿ ನಿಭಾಯಿಸಲು ಹುಟ್ಟಿದ ಈ ವ್ಯವಸ್ಥೆಯನ್ನು, ಒಂದೇ ಹಾವು ಸಾಕುವ ಮನೆಯವರು ಅನುಕರಿಸಬೇಕಾದ ಕಾರಣ ಕಾಣುವುದಿಲ್ಲ. ಹತ್ತು ದಿನಗಳ ಚಿಕಿತ್ಸೆಗೆ, ಹೊಸ ಹಾವಿನ ಪ್ರತ್ಯೇಕ ವಾಸಕ್ಕೆ ಡಬ್ಬಿ ಸಾಕು. ಇಪ್ಪತ್ತು, ಮೂವತ್ತು ವರ್ಷ ಬದುಕುವ ಜೀವಿಗೆ ಅದು ಮನೆಯಾಗದು. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿ ಅರವತ್ತು ದಾಟಿದ ಹೆಣ್ಣು ಚೆಂಡು ಹೆಬ್ಬಾವೊಂದು 2020ರಲ್ಲಿ, ವರ್ಷಗಳಿಂದ ಗಂಡಿನ ಸಂಪರ್ಕವೇ ಇಲ್ಲದಿದ್ದರೂ, ಏಳು ಮೊಟ್ಟೆಯಿಟ್ಟು ಸುದ್ದಿಯಾಗಿತ್ತು.

ಗಾಜೋ, ಮರವೋ, ಪಿವಿಸಿಯೋ?

ಮೀನಿನ ತೊಟ್ಟಿ ಮಾರುವ ಅಂಗಡಿಗಳಲ್ಲಿ ಸುಲಭವಾಗಿ ಸಿಗುವುದು ಗಾಜಿನದು. ಹಾವು ಚೆನ್ನಾಗಿ ಕಾಣುತ್ತದೆ, ಉಜ್ಜಿ ತೊಳೆಯಲು ಸುಲಭ. ಆದರೆ ಮೇಲ್ಭಾಗವೆಲ್ಲ ಜಾಲರಿಯಾಗಿದ್ದರೆ ಶಾಖವೂ ತೇವಾಂಶವೂ ಹೊಗೆಗೂಡಿನ ಹೊಗೆಯಂತೆ ಮೇಲೇರಿ ಹೋಗುತ್ತವೆ. ಗಾಜಿನದನ್ನೇ ಬಳಸುವುದಾದರೆ ಜಾಲರಿಯ ಮುಕ್ಕಾಲು ಭಾಗವನ್ನು ಮುಚ್ಚಿ, ಮೂರು ಬದಿಗೆ ಹೊರಗಿನಿಂದ ಕಪ್ಪು ಹಾಳೆ ಅಂಟಿಸಬೇಕು. ಮೇಲಿನಿಂದ ಕೈಹಾಕುವ ತೊಟ್ಟಿಗಿಂತ ಮುಂಬಾಗಿಲಿನ ಗೂಡು ಮೇಲು. ಆಫ್ರಿಕಾದ ಬಯಲಿನಲ್ಲಿ ಮೇಲಿನಿಂದ ಎರಗುವುದು ಹದ್ದು, ಆ ಹೆದರಿಕೆ ಹಾವಿಗೆ ಹುಟ್ಟಿನಿಂದಲೇ ಬಂದದ್ದು.

ಮರದ ಗೂಡು ಶಾಖ ಹಿಡಿದಿಡುತ್ತದೆ, ಬಡಗಿಯಿಂದ ಬೇಕಾದ ಅಳತೆಗೆ ಮಾಡಿಸಬಹುದು. ಸಾಮಾನ್ಯ ಪ್ಲೈವುಡ್ ತೇವಕ್ಕೆ ಉಬ್ಬಿ ಬೂಷ್ಟು ಹಿಡಿಯುವುದರಿಂದ ನೀರು ತಡೆಯುವ ದರ್ಜೆಯದನ್ನೇ ಆರಿಸಿ, ಒಳಗೆ ಪಾಲಿಯುರೆಥೇನ್ ಬಳಿದು, ವಾಸನೆ ಸಂಪೂರ್ಣ ಹೋಗುವವರೆಗೆ ಗಾಳಿಗೆ ಬಿಡಬೇಕು. ಇವೆರಡಕ್ಕಿಂತ ನಮ್ಮ ನಗರಗಳಿಗೆ ಹೆಚ್ಚು ಹೊಂದುವುದು ಪಿವಿಸಿ ಹಲಗೆಯ ಗೂಡು. ಅಡುಗೆಮನೆಯ ಕಪಾಟಿಗೆ ಬಳಸುವ ಅದೇ ಹಲಗೆ. ಹಗುರ, ನೀರಿಗೆ ಅಂಜದು, ಶಾಖ ಸೋರದು. ಗಾಳಿಯಾಡಲು ಒಂದು ಬದಿಯ ಕೆಳಗೆ, ಇನ್ನೊಂದು ಬದಿಯ ಮೇಲೆ ರಂಧ್ರಗಳಿದ್ದರೆ ಒಳಗಿನ ಗಾಳಿ ತಾನೇ ಚಲಿಸುತ್ತದೆ. ಗೂಡು ಯಾವುದಾದರೂ ಬಾಗಿಲಿಗೆ ಬೀಗ ಬೇಕೇ ಬೇಕು. ಜಾರುಗಾಜನ್ನು ಮೂತಿಯಿಂದ ತಳ್ಳಿ ತೆರೆಯುವ ವಿದ್ಯೆ ಈ ಹಾವಿಗೆ ಕರಗತ, ಮತ್ತು ಅಪಾರ್ಟ್‌ಮೆಂಟಿನ ಓಣಿಯಲ್ಲಿ ಕಾಣಿಸಿಕೊಂಡ ಹೆಬ್ಬಾವಿಗೆ ವಿಷವಿಲ್ಲವೆಂದು ಕೇಳುವ ತಾಳ್ಮೆ ಯಾರಿಗೂ ಇರುವುದಿಲ್ಲ. ದೊಣ್ಣೆ ಮೊದಲು ಬರುತ್ತದೆ.

ಶಾಖದ ಲೆಕ್ಕ

ಹಾವು ತನ್ನ ಮೈಯ ಬಿಸಿಯನ್ನು ತಾನೇ ಉತ್ಪಾದಿಸಿಕೊಳ್ಳಲಾರದು. ಆದುದರಿಂದ ಗೂಡಿನ ಒಂದು ತುದಿ 31ರಿಂದ 32 ಡಿಗ್ರಿ ಸೆಲ್ಸಿಯಸ್, ಇನ್ನೊಂದು ತುದಿ 25ರಿಂದ 27 ಡಿಗ್ರಿ ಇರಬೇಕು. ಉಣ್ಣುವ ಮುನ್ನ, ಉಂಡ ನಂತರ, ಪೊರೆ ಬಿಡುವಾಗ ತನಗೆ ಬೇಕಾದ ಜಾಗವನ್ನು ಹಾವೇ ಹುಡುಕಿಕೊಳ್ಳುತ್ತದೆ. ಆಹಾರ ಜೀರ್ಣವಾಗಲು ಬಿಸಿ ಸಾಲದಿದ್ದರೆ ನುಂಗಿದ ಇಲಿಯನ್ನು ಅದು ಕಕ್ಕಿಬಿಡುತ್ತದೆ.

ಬೆಂಗಳೂರಿನ ಡಿಸೆಂಬರ್-ಜನವರಿಯ ರಾತ್ರಿಗಳಲ್ಲಿ ಉಷ್ಣಾಂಶ 15-16 ಡಿಗ್ರಿಗೆ ಇಳಿಯುವುದರಿಂದ ಇಲ್ಲಿ ಶಾಖೋಪಕರಣ ಅನಿವಾರ್ಯ. ಬಳ್ಳಾರಿ, ರಾಯಚೂರು, ಕಲಬುರಗಿಗಳಲ್ಲಿ ಸಮಸ್ಯೆ ತಿರುಗುಮುರುಗು. ಏಪ್ರಿಲ್-ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಊರಿನಲ್ಲಿ ಗೂಡನ್ನು ಬಿಸಿ ಮಾಡುವುದಲ್ಲ, ತಣ್ಣಗಿಡುವುದೇ ಕಷ್ಟ. ಇಡೀ ಗೂಡು 35 ಡಿಗ್ರಿ ಮೀರಿ ಹಾವಿಗೆ ಸರಿಯಲು ತಂಪು ಜಾಗವೇ ಇಲ್ಲದಂತಾದರೆ ಅದರ ಪ್ರಾಣಕ್ಕೇ ಸಂಚಕಾರ. ಬಿಸಿಲು ಬೀಳುವ ಕಿಟಕಿಯ ಪಕ್ಕ ಗಾಜಿನ ಗೂಡನ್ನು ಯಾವ ಊರಿನಲ್ಲಿಯೂ ಇಡಬಾರದು.

ಉಪಕರಣಗಳಲ್ಲಿ ಸೆರಾಮಿಕ್ ಹೀಟರ್, ಹ್ಯಾಲೊಜೆನ್ ದೀಪ, ಶಾಖದ ಹಾಸು ಎಂಬ ಬಗೆಗಳಿವೆ. ದೀಪ ಮತ್ತು ಹೀಟರುಗಳಿಗೆ ತಂತಿಯ ಕವಚ ಬೇಕು, ಇಲ್ಲವಾದರೆ ಹಾವು ಅವಕ್ಕೇ ಸುತ್ತಿಕೊಂಡು ಸುಟ್ಟುಕೊಳ್ಳುತ್ತದೆ. ಹಾಸನ್ನು ತಳದ ಮೂರನೇ ಒಂದು ಭಾಗದಷ್ಟು ಜಾಗಕ್ಕೆ ಮಾತ್ರ, ಗಾಜಿನ ತೊಟ್ಟಿಯಾದರೆ ಹೊರಗಿನಿಂದ ಅಂಟಿಸಬೇಕು. 'ಬಿಸಿಕಲ್ಲು' ಎಂದು ಮಾರುವ ವಸ್ತುವನ್ನು ಕೊಳ್ಳಲೇಬಾರದು. ಯಾವ ಉಪಕರಣವೂ ಥರ್ಮೋಸ್ಟಾಟ್ ಇಲ್ಲದೆ ವಿದ್ಯುತ್ತಿಗೆ ತಾಗಬಾರದು. ಹಣ ಉಳಿಸುವುದಾದರೆ ಅಲಂಕಾರದಲ್ಲಿ ಉಳಿಸಿ, ಇದರಲ್ಲಿ ಬೇಡ. ಅಳೆಯಲು ಎರಡೂ ತುದಿಗೆ ಡಿಜಿಟಲ್ ಉಷ್ಣಮಾಪಕ ಬೇಕು. ಕೊರೊನಾ ಕಾಲದಲ್ಲಿ ಮನೆಮನೆಗೆ ಬಂದ ಹಣೆಗೆ ಹಿಡಿಯುವ ಮಾಪಕ ಮನುಷ್ಯನ ಮೈಬಿಸಿಗಷ್ಟೇ ಹೊಂದಿಸಿದ್ದು, ಇದಕ್ಕೆ ಆಗದು.

ವಿದೇಶಿ ಪುಸ್ತಕಗಳು ಹೇಳದ ಒಂದು ಸಮಸ್ಯೆ ನಮ್ಮಲ್ಲಿದೆ: ವಿದ್ಯುತ್ ಕಡಿತ. ಚಳಿಗಾಲದಲ್ಲಿ ಎರಡು ಗಂಟೆ ಕರೆಂಟು ಹೋದರೆ ಪಿವಿಸಿ ಅಥವಾ ಮರದ ಗೂಡು ಅದನ್ನು ತಾಳಿಕೊಳ್ಳುತ್ತದೆ, ಜಾಲರಿ ಮುಚ್ಚಳದ ಗಾಜಿನದು ತಾಳದು. ಶಾಖದ ಹಾಸು ಕಡಿಮೆ ವಿದ್ಯುತ್ ಬಳಸುವುದರಿಂದ ಮನೆಯ ಇನ್ವರ್ಟರಿಗೆ ಜೋಡಿಸಬಹುದು. ದೀರ್ಘ ಕಡಿತವಾದರೆ ಬಿಸಿನೀರಿನ ಬಾಟಲಿಗಳನ್ನು ದಪ್ಪ ಬಟ್ಟೆಯಲ್ಲಿ ಸುತ್ತಿ ಗೂಡಿನ ಒಂದು ಮೂಲೆಯಲ್ಲಿಟ್ಟು, ಗಾಳಿಕಿಂಡಿ ಬಿಟ್ಟು ಹೊರಗಿನಿಂದ ಕಂಬಳಿ ಹೊದಿಸುವುದು ಹಳೆಯ, ಆದರೆ ನಂಬಬಹುದಾದ ಉಪಾಯ.

ತೇವ, ಹಾಸು, ಅಡಗುತಾಣ

ತೇವಾಂಶ ಶೇಕಡಾ 60ರ ಆಸುಪಾಸಿನಲ್ಲಿದ್ದು, ಪೊರೆ ಬಿಡುವ ದಿನಗಳಲ್ಲಿ ಸ್ವಲ್ಪ ಏರಬೇಕು. ಕಣ್ಣು ನೀಲಿಗಟ್ಟಿದಂತಾಗುವುದು ಆ ದಿನಗಳ ಸೂಚನೆ. ತೇವ ಸಾಲದಿದ್ದರೆ ಪೊರೆ ಇಡಿಯಾಗಿ ಬರದೆ ಚೂರುಚೂರಾಗುತ್ತದೆ, ಕಣ್ಣಿನ ಮೇಲಿನ ಪೊರೆ ಹಾಗೇ ಉಳಿಯುತ್ತದೆ. ಅದನ್ನು ಉಗುರಿನಿಂದ ಕೀಳಲು ಹೋದವರು ಹಾವಿನ ಕಣ್ಣನ್ನೇ ಕಳೆದ ಪ್ರಸಂಗಗಳಿವೆ. ಮಂಗಳೂರು, ಉಡುಪಿಯ ಕಡೆ ತೇವಾಂಶ ತಾನಾಗಿಯೇ ಇರುವುದರಿಂದ ಅಲ್ಲಿ ಗಾಳಿಕಿಂಡಿ ಹೆಚ್ಚಿರಬೇಕು. ಹಾಸು ಸದಾ ಒದ್ದೆಯಾಗಿದ್ದರೆ ಹೊಟ್ಟೆಯ ಹುರುಪೆ ಕೊಳೆಯುತ್ತದೆ. ಬಯಲುಸೀಮೆಯ ಬೇಸಿಗೆಗೆ ಇದಕ್ಕೆ ವ್ಯತಿರಿಕ್ತ ಕ್ರಮ.

ಹಾಸಿಗೆ ದುಬಾರಿ ಆಮದು ಸರಕು ಬೇಕಾಗಿಲ್ಲ. ತುಮಕೂರು, ಹಾಸನ ಕಡೆಯ ತೆಂಗಿನ ನಾರಿನ ಪುಡಿ ಮತ್ತು ಸಿಪ್ಪೆಯ ಚೂರು ನರ್ಸರಿಗಳಲ್ಲೇ ಸಿಗುತ್ತವೆ, ಗೊಬ್ಬರ ಬೆರೆಸದಿರುವುದನ್ನು ಮಾತ್ರ ಖಚಿತಪಡಿಸಿಕೊಳ್ಳಬೇಕು. ಮೂರು ನಾಲ್ಕು ಅಂಗುಲ ದಪ್ಪ ಹರಡಿ, ಮೂಲೆಗಳಿಗೆ ನೀರು ಸುರಿದರೆ ಅಡಿಭಾಗ ತೇವವಾಗಿದ್ದು ಮೇಲ್ಭಾಗ ಒಣಗಿರುತ್ತದೆ. ದೇವದಾರು, ಪೈನ್ ಮರದ ಹೊಟ್ಟು ಬೇಡ. ಅವುಗಳ ಎಣ್ಣೆಯಂಶ ಹಾವಿನ ಶ್ವಾಸಕ್ಕೆ ಒಳ್ಳೆಯದಲ್ಲ.

ಅಡಗುತಾಣ ಕನಿಷ್ಠ ಎರಡು: ಬಿಸಿ ತುದಿಗೊಂದು, ತಂಪು ತುದಿಗೊಂದು. ಒಂದೇ ಇದ್ದರೆ ಹಾವು ಬಿಸಿಯನ್ನು ಬಿಟ್ಟು ಸುರಕ್ಷತೆಯನ್ನೋ, ಸುರಕ್ಷತೆಯನ್ನು ಬಿಟ್ಟು ಬಿಸಿಯನ್ನೋ ಆರಿಸಿಕೊಳ್ಳಬೇಕಾಗುತ್ತದೆ. ಸುರುಳಿ ಸುತ್ತಿದ ಹಾವು ಒಳಗೆ ಬಿಗಿಯಾಗಿ ಕೂರುವಷ್ಟೇ ದೊಡ್ಡದಿರಲಿ. ನಯವಾದ ಅಂಚಿನ ಮಣ್ಣಿನ ಮಡಕೆಯನ್ನು ಬೋರಲು ಹಾಕಿ ಬಾಯಿ ಕೊರೆದರೂ ಆದೀತು. ಮಗುಚದಷ್ಟು ಭಾರದ ನೀರಿನ ಬಟ್ಟಲು, ಗಟ್ಟಿಯಾಗಿ ಕಟ್ಟಿದ ಒಂದೆರಡು ಕೊಂಬೆಗಳು ಉಳಿದ ಸಾಮಗ್ರಿ. ಅತಿನೇರಳೆ ದೀಪ ಕಡ್ಡಾಯವಲ್ಲದಿದ್ದರೂ ಮಂದ ಬಗೆಯದೊಂದನ್ನು ಅನೇಕ ವೈದ್ಯರು ಶಿಫಾರಸು ಮಾಡುತ್ತಾರೆ. ಹಗಲು 12 ಗಂಟೆ ಬೆಳಕು, ರಾತ್ರಿ ಪೂರ್ಣ ಕತ್ತಲೆ ಮಾತ್ರ ತಪ್ಪಬಾರದು. ಒಂದು ಗೂಡಿಗೆ ಒಂದೇ ಹಾವು. ಎರಡು ಹಾವುಗಳು ಒಂದರ ಮೇಲೊಂದು ಮಲಗಿದರೆ ಅದು ಸ್ನೇಹವಲ್ಲ, ಒಳ್ಳೆಯ ಜಾಗಕ್ಕಾಗಿ ನಡೆಯುವ ಮೌನ ಪೈಪೋಟಿ.

ಹಾವನ್ನು ತರುವ ಒಂದು ವಾರ ಮೊದಲೇ ಗೂಡನ್ನು ಸಿದ್ಧಪಡಿಸಿ, ಖಾಲಿಯಾಗಿಯೇ ನಡೆಸಿ, ಬೆಳಗಿನ ಜಾವ, ಮಧ್ಯಾಹ್ನ, ರಾತ್ರಿಯ ಉಷ್ಣಾಂಶ ಮತ್ತು ತೇವಾಂಶವನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಹಾವು ಬಂದ ಮೇಲೆ ಮೊದಲ ವಾರ ಅದನ್ನು ಮುಟ್ಟದೆ ಬಿಡಬೇಕು. ಆ ಅವಧಿಯಲ್ಲಿ ಅದು ಉಣ್ಣದಿದ್ದರೆ ಗಾಬರಿಯಾಗಬೇಕಾಗಿಲ್ಲ. ಬಾಯಿ ತೆರೆದು ಉಸಿರಾಡುವುದು, ಮೂಗಿನಲ್ಲಿ ಗುಳ್ಳೆ, ಹುರುಪೆಗಳ ನಡುವೆ ಕಪ್ಪು ಚುಕ್ಕೆಗಳಂತೆ ಚಲಿಸುವ ಹೇನು ಕಂಡರೆ ಮಾತ್ರ ತಡಮಾಡದೆ ಸರೀಸೃಪಗಳ ಅನುಭವವಿರುವ ಪಶುವೈದ್ಯರನ್ನು ಕಾಣಬೇಕು. ಅಂತಹವರು ಎಲ್ಲ ಊರುಗಳಲ್ಲೂ ಸಿಗುವುದಿಲ್ಲವಾದ್ದರಿಂದ, ತಮ್ಮ ಊರಿಗೆ ಹತ್ತಿರದ ವೈದ್ಯರು ಯಾರೆಂಬುದನ್ನು ಹಾವು ಬರುವ ಮೊದಲೇ ವಿಚಾರಿಸಿ ತಿಳಿದಿರಬೇಕಾಗುತ್ತದೆ.