ಅಜ್ಜಿಯ ಸೀರೆಯ ಸರಿಗೆ, ಕರೆಂಟು ಹರಿಯುವ ಬಟ್ಟೆ

ಕಳೆದ ಬೇಸಿಗೆಯಲ್ಲಿ ನಮ್ಮ ಬೀದಿಗೆ ಒಂದು ಆಟೋ ಬಂತು. ಮೇಲೆ ಕಟ್ಟಿದ ಮೈಕಿನಲ್ಲಿ "ಹಳೇ ಜರಿ ಸೀರೆ, ಹರಿದ ರೇಷ್ಮೆ ಸೀರೆ ತಗೋತೀವಿ" ಎಂಬ ಕೂಗು. ನಿಮ್ಮೂರಿಗೂ ಬಂದಿರುತ್ತದೆ. ನಮ್ಮಜ್ಜಿ ಟ್ರಂಕಿನ ತಳದಿಂದ ಎರಡು ಸೀರೆ ತೆಗೆದು ಜಗಲಿಗೆ ತಂದಳು. ಒಂದು ಅವಳ ಮದುವೆಯದು, ಇನ್ನೊಂದು ಆಮೇಲೆ ಯಾವುದೋ ಜಾತ್ರೆಯಲ್ಲಿ ಕೊಂಡದ್ದು. ಆಟೋದವನು ಎರಡನ್ನೂ ಬೆರಳಲ್ಲಿ ಉಜ್ಜಿ ನೋಡಿ, "ಇದೆಲ್ಲ ಪ್ಲಾಸ್ಟಿಕ್ ಜರಿ ಕಣಜ್ಜಿ, ಒಂದು ಸ್ಟೀಲ್ ಡಬರಿ ಕೊಡ್ತೀನಿ" ಅಂದ.

ನಮಗೆ ಅನುಮಾನ ಬಂತು. ಸೀರೆಗಳನ್ನು ತೆಗೆದುಕೊಂಡು ಬಸ್‌ಸ್ಟ್ಯಾಂಡ್ ಹತ್ತಿರದ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋದೆವು. ಅಲ್ಲಿನ ಅಣ್ಣ ನಕ್ಕರು, ಆದರೂ ಮಲ್ಟಿಮೀಟರ್ ತೆಗೆದರು. ವೈರು ತುಂಡಾಗಿದೆಯೋ ಇಲ್ಲವೋ ನೋಡಲು ಬೀಪ್ ಎನ್ನುವ ಸೆಟ್ಟಿಂಗ್ ಇರುತ್ತದಲ್ಲ, ಅದರಲ್ಲಿಟ್ಟು ಎರಡು ಕಡ್ಡಿಗಳನ್ನು ಒಂದೇ ಜರಿ ಎಳೆಯ ಮೇಲೆ ಗೇಣು ದೂರದಲ್ಲಿ ಒತ್ತಿದರು. ಜಾತ್ರೆಯ ಸೀರೆ ಸುಮ್ಮನಿತ್ತು. ಮದುವೆ ಸೀರೆ ಬೀಪ್ ಅಂದಿತು. ಅಂದರೆ ಅಜ್ಜಿಯ ಮದುವೆ ಸೀರೆಯ ಅಂಚಿನಲ್ಲಿ ಕರೆಂಟು ಹರಿಯುತ್ತದೆ.

ಈ ಒಂದು ಬೀಪ್ ನಮ್ಮನ್ನು ದೊಡ್ಡ ಕತೆಯೊಂದಕ್ಕೆ ಎಳೆದೊಯ್ದಿತು. ಎದೆಬಡಿತ ಅಳೆಯುವ ಅಂಗಿ, ಮುಟ್ಟಿದರೆ ಫೋನ್ ಕೇಳುವ ಜಾಕೆಟ್, ಬಿಸಿಯಾಗುವ ಕೈಚೀಲ, ಇಂಥವನ್ನು ಇವತ್ತು ಎಲೆಕ್ಟ್ರಾನಿಕ್ ಬಟ್ಟೆ, ಸ್ಮಾರ್ಟ್ ಬಟ್ಟೆ ಎನ್ನುತ್ತಾರೆ. ಅವಕ್ಕೆ ಬೇಕಾದ ಮೊದಲ ವಸ್ತು ಕರೆಂಟು ಹರಿಸುವ ನೂಲು. ಆ ನೂಲಿನ ಇತಿಹಾಸ ಬರೆಯುವವರು ಅಜ್ಜಿಯ ಸೀರೆಯನ್ನು ಬಿಟ್ಟು ಬರೆಯುವಂತಿಲ್ಲ ಎಂಬುದೇ ನಾವು ಇಲ್ಲಿ ಹೇಳಬೇಕೆಂದಿರುವ ಮಾತು.

ಒಂದೇ ಪದ, ಎರಡು ಅರ್ಥ

ಜರಿಗೆ ಕನ್ನಡದಲ್ಲಿ ಸರಿಗೆ ಎಂಬ ಹೆಸರಿದೆ. ಸರಿಗೆ ಪಂಚೆ, ಸರಿಗೆ ಪೇಟ ಎಂದು ಹಿರಿಯರು ಈಗಲೂ ಹೇಳುತ್ತಾರೆ. ಅದೇ ಸರಿಗೆ ಎಂದರೆ ಲೋಹದ ತಂತಿ ಎಂದೂ ಅರ್ಥ. ಬಟ್ಟೆಯ ಅಂಚಿಗೂ ತಂತಿಗೂ ನಮ್ಮ ಹಿರಿಯರು ಒಂದೇ ಪದ ಬಳಸಿದ್ದು ಸುಮ್ಮನೆ ಅಲ್ಲ. ಮಾಡುವ ಕೆಲಸ ನೋಡಿದರೆ ಅದು ತಂತಿಯೇ.

ಹಳೆಯ ಕ್ರಮ ಹೀಗಿತ್ತು. ಬೆಳ್ಳಿಯ ಸಲಾಕೆಗೆ ಚಿನ್ನದ ತಗಡು ಸುತ್ತಿ, ಕಾಯಿಸಿ ಕೂಡಿಸುತ್ತಿದ್ದರು. ಆ ಸಲಾಕೆಯನ್ನು ಉಕ್ಕಿನ ಹಲಗೆಯ ತೂತಿನಲ್ಲಿ ತೂರಿಸಿ ಎಳೆಯುವುದು. ಆಮೇಲೆ ಅದಕ್ಕಿಂತ ಸಣ್ಣ ತೂತು, ಆಮೇಲೆ ಇನ್ನೂ ಸಣ್ಣದು. ಹೀಗೆ ಎಳೆದೆಳೆದು ಕೂದಲಿನಷ್ಟು ತೆಳ್ಳಗಾದ ಮೇಲೂ ಚಿನ್ನ ಹೊರಗೇ ಉಳಿಯುತ್ತದೆ, ಬೆಳ್ಳಿಯ ಜೊತೆಗೇ ಹಿಗ್ಗುತ್ತದೆ. ಆ ತಂತಿಯನ್ನು ಸುತ್ತಿಗೆಯಲ್ಲಿ ಬಡಿದು ಚಪ್ಪಟೆ ಪಟ್ಟಿ ಮಾಡುತ್ತಿದ್ದರು. ಕೊನೆಗೆ ಆ ಪಟ್ಟಿಯನ್ನು ರೇಷ್ಮೆ ನೂಲಿನ ಸುತ್ತ, ಕಂಬಕ್ಕೆ ಬಳ್ಳಿ ಹಬ್ಬಿದ ಹಾಗೆ, ಒತ್ತೊತ್ತಾಗಿ ಸುತ್ತುವುದು. ಇದೇ ಕಲಾಬತ್ತು. ಈಗ ಎಳೆಯುವುದಕ್ಕೂ ಚಪ್ಪಟೆ ಮಾಡುವುದಕ್ಕೂ ಯಂತ್ರ ಬಂದಿದೆ, ಚಿನ್ನವನ್ನು ಕರೆಂಟಿನ ತೊಟ್ಟಿಯಲ್ಲಿ ಲೇಪ ಹಾಕುತ್ತಾರೆ. ಆದರೆ ಎಳೆ, ಚಪ್ಪಟೆ ಮಾಡು, ಸುತ್ತು ಎಂಬ ಮೂರು ಹೆಜ್ಜೆ ಹಾಗೇ ಇವೆ.

ದೇಶದಲ್ಲಿ ಈ ಕೆಲಸಕ್ಕೆ ದೊಡ್ಡ ಕೇಂದ್ರ ಗುಜರಾತಿನ ಸೂರತ್. ನಮ್ಮ ರಾಜ್ಯದ ಮಗ್ಗಗಳಿಗೂ ಅಲ್ಲಿಂದ ಜರಿ ಬರುತ್ತದೆ. 1912ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಶುರುವಾದ ಮೈಸೂರಿನ ರೇಷ್ಮೆ ಕಾರ್ಖಾನೆ ಇವತ್ತಿಗೂ ಅಸಲಿ ಜರಿಯನ್ನೇ ಬಳಸುತ್ತದೆ. ಆ ಜರಿಯಲ್ಲಿ ಶೇ 65ರಷ್ಟು ಬೆಳ್ಳಿ, ಶೇ 0.65ರಷ್ಟು ಚಿನ್ನ ಇರುತ್ತದೆ. ಕರೆಂಟು ಹರಿಸುವುದರಲ್ಲಿ ಎಲ್ಲ ಲೋಹಗಳಿಗಿಂತ ಮುಂದಿರುವುದು ಬೆಳ್ಳಿ. ತಾಮ್ರ ಎರಡನೆಯದು, ಚಿನ್ನ ಮೂರನೆಯದು. ಅಜ್ಜಿಯ ಸೀರೆ ಬೀಪ್ ಅಂದದ್ದರಲ್ಲಿ ಆಶ್ಚರ್ಯವೇನಿಲ್ಲ.

ಇಯರ್‌ಫೋನಿನ ಒಳಗಿನ ನೂಲು

ಲೋಹದ ತಂತಿಯನ್ನೇ ನೇರವಾಗಿ ನೇಯಬಹುದಲ್ಲ, ನೂಲಿಗೆ ಯಾಕೆ ಸುತ್ತಬೇಕು? ಒಂದು ಕಟ್ಟುವ ತಂತಿ ತೆಗೆದುಕೊಂಡು ಒಂದೇ ಜಾಗದಲ್ಲಿ ಹತ್ತಿಪ್ಪತ್ತು ಸಲ ಆ ಕಡೆ ಈ ಕಡೆ ಬಗ್ಗಿಸಿ. ಪಟ್ಟನೆ ಮುರಿಯುತ್ತದೆ. ಅದೇ ತಂತಿಯನ್ನು ಪೆನ್ನಿನ ಒಳಗಿನ ಸ್ಪ್ರಿಂಗ್ ಥರ ಸುರುಳಿ ಮಾಡಿದರೆ ಎಷ್ಟು ಬಗ್ಗಿಸಿದರೂ ತಡೆಯುತ್ತದೆ, ಯಾಕೆಂದರೆ ಬಾಗುವ ಭಾರ ಎಲ್ಲ ಸುತ್ತುಗಳಿಗೂ ಹಂಚಿಹೋಗುತ್ತದೆ. ಸರಿಗೆಯ ಗುಟ್ಟು ಇದೇ. ಎಳೆತ ತಡೆಯುವುದು ಒಳಗಿನ ರೇಷ್ಮೆ, ಹೊಳಪು ಕೊಡುವುದು ಹೊರಗಿನ ಲೋಹ. ಇಬ್ಬರೂ ಅವರವರ ಕೆಲಸ ಮಾಡುತ್ತಾರೆ.

ಟೆಲಿಫೋನ್ ಬಂದಾಗ ಎಂಜಿನಿಯರುಗಳಿಗೂ ಇದೇ ತೊಂದರೆ ಎದುರಾಯಿತು. ಗ್ರಹಾಂ ಬೆಲ್‌ಗೆ ಟೆಲಿಫೋನಿನ ಪೇಟೆಂಟ್ ಸಿಕ್ಕಿದ್ದು 1876ರಲ್ಲಿ. ಕೈಯಲ್ಲಿ ಹಿಡಿಯುವ ರಿಸೀವರಿನ ವೈರು ದಿನಕ್ಕೆ ಎಷ್ಟೋ ಸಲ ಎಳೆದಾಡುತ್ತದೆ, ತಿರುಚಿಕೊಳ್ಳುತ್ತದೆ. ಗಟ್ಟಿ ತಂತಿ ಹಾಕಿದರೆ ಬೇಗ ಮುರಿಯುತ್ತದೆ. ಅದಕ್ಕೆ ಕಂಡುಕೊಂಡ ದಾರಿ ಟಿನ್ಸೆಲ್ ವೈರು: ಚಪ್ಪಟೆ ತಾಮ್ರದ ಪಟ್ಟಿಯನ್ನು ನೂಲಿನ ಸುತ್ತ ಸುತ್ತಿದ ವೈರು. ಯೂರೋಪಿನಲ್ಲಿ ಟಿನ್ಸೆಲ್ ಎಂಬುದು ಬಟ್ಟೆಯ ಅಲಂಕಾರಕ್ಕೆ ಬಳಸುವ ಹೊಳೆಯುವ ಲೋಹದ ಎಳೆಯ ಹೆಸರು. ಬಟ್ಟೆಯ ಹೆಸರೇ ವೈರಿಗೆ ಹೋಯಿತು. ಮನೆಯ ಹಳೇ ಲ್ಯಾಂಡ್‌ಲೈನ್ ಫೋನಿನ ವೈರಿನಲ್ಲಿ ಇದ್ದದ್ದು ಇದೇ. ಸ್ಪೀಕರ್ ಬಿಚ್ಚಿದರೆ ಅದರ ಕಾಗದದ ಬುಟ್ಟಿಗೆ ಹೋಗುವ ಎರಡು ಜಡೆಯಂಥ ಮೆತ್ತನೆ ವೈರುಗಳೂ ಇದೇ ಜಾತಿಯವು.

ಕೆಟ್ಟುಹೋದ ಇಯರ್‌ಫೋನ್ ಇದ್ದರೆ ವೈರನ್ನು ಬ್ಲೇಡಿನಲ್ಲಿ ಸೀಳಿ ನೋಡಿ. ಬಹಳಷ್ಟರಲ್ಲಿ ಸಣ್ಣ ತಾಮ್ರದ ಎಳೆಗಳ ನಡುವೆ ನೂಲಿನ ಎಳೆಗಳು ಸಿಗುತ್ತವೆ. ಈ ಬರಹವನ್ನು ಫೋನಿನಲ್ಲಿ ಓದುತ್ತಿರುವ ನಿಮ್ಮ ಕಿವಿಗೆ ಹಾಡು ತಲುಪಿಸುವ ವೈರು ಸೀರೆಯ ಜರಿಯ ದೂರದ ನೆಂಟ.

ಅಮೆರಿಕದ ಪ್ರಯೋಗಾಲಯಕ್ಕೆ ಹೋದ ಬಟ್ಟೆ

ಈಗ 1990ರ ದಶಕಕ್ಕೆ ಬರೋಣ. ಕಂಪ್ಯೂಟರ್ ಚಿಕ್ಕದಾಗುತ್ತಿತ್ತು, ಅದನ್ನು ಮೈಮೇಲೆ ಧರಿಸುವ ಯೋಚನೆ ಶುರುವಾಗಿತ್ತು. ಆದರೆ ಆ ಕಾಲದ ಧರಿಸುವ ಕಂಪ್ಯೂಟರ್ ಎಂದರೆ ಸೊಂಟಕ್ಕೆ ಡಬ್ಬಿ, ಮೈತುಂಬ ವೈರು. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ರೆಹ್ಮಿ ಪೋಸ್ಟ್ ಮತ್ತು ಮ್ಯಾಗಿ ಆರ್ಥ್ ಎಂಬಿಬ್ಬರು ಬೇರೆ ದಾರಿ ಹಿಡಿದರು. ಬಟ್ಟೆಯ ಮೇಲೆ ವೈರು ಹೊಲಿಯುವ ಬದಲು ಬಟ್ಟೆಯೇ ವೈರಾದರೆ?

ಅವರಿಗೆ ಸಿಕ್ಕಿದ್ದು ಲೋಹದ ಎಳೆಯ ರೇಷ್ಮೆ ಆರ್ಗಾಂಜಾ. ಹಾಸಿನಲ್ಲಿ ಬರೀ ರೇಷ್ಮೆ, ಹೊಕ್ಕಿನಲ್ಲಿ ಲೋಹದ ಪಟ್ಟಿ ಸುತ್ತಿದ ರೇಷ್ಮೆ. 1997ರಲ್ಲಿ ಅವರು ಮಂಡಿಸಿದ ಪ್ರಬಂಧದಲ್ಲಿ ಇದರ ವಿವರ ಇದೆ. ಈ ನೂಲನ್ನು ಅವರು ಬಟ್ಟೆಯ ಎಳೆ ಇರುವ ಟೆಲಿಫೋನ್ ವೈರಿಗೆ ಹೋಲಿಸಿದರು. ಇಂಥ ಬಟ್ಟೆಯನ್ನು ಭಾರತದಲ್ಲಿ ಕಡಿಮೆಯೆಂದರೂ ನೂರು ವರ್ಷಗಳಿಂದ ನೇಯುತ್ತಿದ್ದಾರೆ ಎಂಬುದನ್ನೂ ಗುರುತಿಸಿದರು. ಹಾಸಿನ ರೇಷ್ಮೆ ಎಳೆಗಳು ಹೊಕ್ಕಿನ ಲೋಹದ ಎಳೆಗಳನ್ನು ಒಂದಕ್ಕೊಂದು ತಾಗದ ಹಾಗೆ ಬಿಡಿಬಿಡಿಯಾಗಿ ಹಿಡಿಯುತ್ತವೆ. ಹಾಗಾಗಿ ಪ್ರತಿ ಎಳೆಯೂ ಒಂದೊಂದು ವೈರು. ಕಂಪ್ಯೂಟರಿನ ಒಳಗಿನ ಚಪ್ಪಟೆ ಪಟ್ಟಿ ವೈರು ನೋಡಿದ್ದೀರಲ್ಲ, ಅದೇ ಕೆಲಸವನ್ನು ಬಟ್ಟೆಯ ಒಂದು ತುಂಡು ಮಾಡಿತು.

ಆ ತಂಡ ಒಂದು ಡೆನಿಮ್ ಜಾಕೆಟ್ ಮೇಲೆ ಉಕ್ಕಿನ ನೂಲಿನಿಂದ ಕೀಲಿಗಳನ್ನು ಕಸೂತಿ ಹಾಕಿತು. ಆರ್ಗಾಂಜಾ ಬಟ್ಟೆಯ ಮೂಲಕ ಬ್ಯಾಟರಿ, ಸ್ಪೀಕರುಗಳನ್ನು ಜೋಡಿಸಿತು. ಕಸೂತಿ ಮುಟ್ಟಿದರೆ ಜಾಕೆಟ್ ಸಂಗೀತ ನುಡಿಸುತ್ತಿತ್ತು. ಹೆಚ್ಚು ಕಡಿಮೆ ಅದೇ ಹೊತ್ತಿಗೆ, 1996ರಲ್ಲಿ, ಜಾರ್ಜಿಯಾ ಟೆಕ್‌ನಲ್ಲಿ ಭಾರತ ಮೂಲದ ಸುಂದರೇಶನ್ ಜಯರಾಮನ್ ಅಮೆರಿಕದ ನೌಕಾಪಡೆಯ ನೆರವಿನಿಂದ ಇನ್ನೊಂದು ಅಂಗಿಯ ಕೆಲಸ ಆರಂಭಿಸಿದರು. ಬೆಳಕು ಹರಿಸುವ ಗಾಜಿನಂಥ ಎಳೆಗಳನ್ನು ನೇಯ್ಗೆಯಲ್ಲಿ ಸೇರಿಸಿ, ಸೈನಿಕನಿಗೆ ಗುಂಡು ಎಲ್ಲಿ ತಗುಲಿತು ಎಂದು ಅಂಗಿಯೇ ತಿಳಿಸುವುದು ಅದರ ಉದ್ದೇಶ. ಎಲೆಕ್ಟ್ರಾನಿಕ್ ಬಟ್ಟೆಯ ಇತಿಹಾಸದಲ್ಲಿ ಈ ಎರಡೂ ಕೆಲಸಗಳಿಗೆ ಜಾಗ ಇದೆ.

2015ರಲ್ಲಿ ಗೂಗಲ್ ಇದೇ ದಾರಿಯಲ್ಲಿ ಜಕಾರ್ಡ್ ಎಂಬ ಯೋಜನೆ ಪ್ರಕಟಿಸಿತು. ತೆಳ್ಳಗಿನ ಲೋಹದ ಎಳೆಯನ್ನು ಸಾಮಾನ್ಯ ನೂಲಿನ ಜೊತೆ ಹೆಣೆದು, ಮಾಮೂಲಿ ಮಗ್ಗದಲ್ಲೇ ನೇಯುವ ಹಾಗೆ ಮಾಡಿದರು. 2017ರಲ್ಲಿ ಲೀವೈಸ್ ಜಾಕೆಟ್ ಮಾರುಕಟ್ಟೆಗೂ ಬಂತು. ಯೋಜನೆಯ ಹೆಸರು ನೋಡಿ. ಮೊಳಕಾಲ್ಮೂರಿನಲ್ಲಿ ಎಷ್ಟೋ ನೇಕಾರರ ಮನೆಗಳಲ್ಲಿ ಮಗ್ಗದ ಮೇಲೆ ರಟ್ಟಿನ ತೂತುಪಟ್ಟಿಗಳ ಜಕಾರ್ಡ್ ಪೆಟ್ಟಿಗೆ ಕಾಣುತ್ತದೆ. 1804ರ ಹೊತ್ತಿಗೆ ಫ್ರಾನ್ಸಿನ ಲಿಯಾನ್‌ನಲ್ಲಿ ಜೋಸೆಫ್ ಮರಿ ಜಕಾರ್ಡ್ ರೂಪಿಸಿದ ಸಾಧನ ಅದು. ಹೊಸ ಕಾಲದ ಬಟ್ಟೆಗೆ ಹೆಸರಿಡಲು ದೊಡ್ಡ ಕಂಪನಿಯೂ ಮಗ್ಗದ ಹತ್ತಿರವೇ ಬಂತು.

ಪ್ಲಾಸ್ಟಿಕ್ ಜರಿ ಯಾಕೆ ಸುಮ್ಮನಿತ್ತು

ಇನ್ನು ಜಾತ್ರೆ ಸೀರೆಯ ವಿಷಯ. 1946ರಲ್ಲಿ ಅಮೆರಿಕದಲ್ಲಿ ಲುರೆಕ್ಸ್ ಎಂಬ ನೂಲು ಬಂತು. ಅಲ್ಯೂಮಿನಿಯಂ ಹಾಳೆಯನ್ನು ಎರಡು ಪಾರದರ್ಶಕ ಪ್ಲಾಸ್ಟಿಕ್ ಪದರಗಳ ನಡುವೆ ಅಂಟಿಸಿ, ಬಣ್ಣ ಹಾಕಿ, ಸಣ್ಣ ಪಟ್ಟಿಯಾಗಿ ಕತ್ತರಿಸಿದ್ದು. ಹೊಳಪು ಇದೆ, ಕಪ್ಪಾಗುವುದಿಲ್ಲ, ಬೆಲೆ ಬಹಳ ಕಡಿಮೆ. ಆಮೇಲೆ ಪಾಲಿಯೆಸ್ಟರ್ ಹಾಳೆಗೆ ಲೋಹದ ಆವಿ ಹಿಡಿಸುವ ಕ್ರಮ ಬಂದು ಇನ್ನೂ ಅಗ್ಗವಾಯಿತು. ಬಡವರ ಮನೆ ಮದುವೆಗೂ ಜರಿ ಸೀರೆ ಬಂದದ್ದು ಇದರಿಂದಲೇ, ಅದನ್ನು ನಾವು ಹಳಿಯುವುದಿಲ್ಲ. ಆದರೆ ಲೋಹ ಪ್ಲಾಸ್ಟಿಕ್ಕಿನ ಅಡಿಯಲ್ಲಿ ಸಿಕ್ಕಿಕೊಂಡಿರುವುದರಿಂದ ಮೀಟರಿನ ಕಡ್ಡಿಗೆ ಸಿಗುವುದಿಲ್ಲ, ಬೀಪ್ ಬರುವುದಿಲ್ಲ.

ಒಂದು ಎಚ್ಚರಿಕೆ. ಬೀಪ್ ಬಂದ ಮಾತ್ರಕ್ಕೆ ಬೆಳ್ಳಿ ಜರಿ ಎಂದಲ್ಲ. ತಾಮ್ರಕ್ಕೆ ಬೆಳ್ಳಿ ಲೇಪ ಕೊಟ್ಟ ಜರಿಯೂ ಇದೆ, ಅದೂ ಬೀಪ್ ಅನ್ನಬಹುದು. ಮೀಟರ್ ಹೇಳುವುದು ಮೇಲೆ ಲೋಹ ಇದೆ ಎಂದಷ್ಟೇ. ಬೆಳ್ಳಿಯೋ ತಾಮ್ರವೋ ಎಂದು ಅಕ್ಕಸಾಲಿಗರ ಹತ್ತಿರವೇ ನೋಡಿಸಬೇಕು. ಮತ್ತೆ, ಯಾರೂ ಮನೆಯ ಪ್ಲಗ್ಗಿನ ಕರೆಂಟಿನಲ್ಲಿ ಈ ಪರೀಕ್ಷೆ ಮಾಡಬೇಡಿ. ಬ್ಯಾಟರಿಯ ಮೀಟರ್ ಮಾತ್ರ.

ಅಜ್ಜಿಗೆ ಗೊತ್ತಿದ್ದದ್ದು

ಇವತ್ತು ಎಲೆಕ್ಟ್ರಾನಿಕ್ ಬಟ್ಟೆ ಮಾಡುವವರ ದೊಡ್ಡ ತಲೆನೋವು ಎರಡು. ಬೆವರು, ಸೋಪು, ಗಾಳಿಗೆ ಲೋಹ ಕೆಡುತ್ತದೆ. ಒಂದೇ ಕಡೆ ಮಡಿಸಿ ಮಡಿಸಿ ಎಳೆ ತುಂಡಾಗುತ್ತದೆ. ಅದಕ್ಕಾಗಿ ನೈಲಾನ್ ನೂಲಿಗೆ ಬೆಳ್ಳಿ ಲೇಪ, ಕೂದಲಿಗಿಂತ ಸಣ್ಣ ಸ್ಟೇನ್‌ಲೆಸ್ ಸ್ಟೀಲ್ ಎಳೆ, ಲೋಹದ ಮೇಲೆ ರಕ್ಷಣೆಯ ಪದರ, ಹೀಗೆ ಒಂದೊಂದೇ ದಾರಿ ಹುಡುಕಿದ್ದಾರೆ. ಎಷ್ಟು ಸಲ ಒಗೆದರೆ, ಎಷ್ಟು ಸಲ ಬಗ್ಗಿಸಿದರೆ ಕೆಡುತ್ತದೆ ಎಂದು ಯಂತ್ರವಿಟ್ಟು ಎಣಿಸುತ್ತಾರೆ.

ನಮ್ಮಜ್ಜಿ ಶಾಲೆಗೆ ಹೋದವಳಲ್ಲ. ಆದರೆ ಮದುವೆ ಸೀರೆಯನ್ನು ಬಿಳಿ ಹತ್ತಿ ಪಂಚೆಯಲ್ಲಿ ಸುತ್ತಿ ಇಡುತ್ತಾಳೆ, ಜರಿ ಕಪ್ಪಾಗಬಾರದು ಎಂದು. ಸೆಂಟು ತಾಗಿಸಬೇಡಿ ಎನ್ನುತ್ತಾಳೆ. ಆರು ತಿಂಗಳಿಗೊಮ್ಮೆ ಬಿಚ್ಚಿ ಮಡಿಕೆ ಬದಲಿಸುತ್ತಾಳೆ, ಒಂದೇ ಮಡಿಕೆಯಲ್ಲಿ ಇಟ್ಟರೆ ಸರಿಗೆ ಸೀಳುತ್ತದೆ ಎಂದು. ಅದೇ ಎರಡು ತಲೆನೋವು, ಅದಕ್ಕೆ ಅವಳದೇ ಮದ್ದು.

ಎಂಐಟಿಯವರು ಏನನ್ನೋ ಕದ್ದರು ಎಂದು ನಾವು ಹೇಳುತ್ತಿಲ್ಲ. ಸೀರೆಯಂಥ ಬಟ್ಟೆಯಲ್ಲಿ ವೈರನ್ನು ಕಂಡದ್ದು ಅವರ ಜಾಣತನ, ಬಟ್ಟೆ ಭಾರತದ್ದು ಎಂದು ಬರೆದದ್ದು ಅವರ ಪ್ರಾಮಾಣಿಕತೆ. ಆದರೆ ಆ ಇತಿಹಾಸದಲ್ಲಿ ಪ್ರಯೋಗಾಲಯದವರ ಹೆಸರು ಉಳಿಯಿತು. ತಂತಿ ಎಳೆದವರು, ಪಟ್ಟಿ ಬಡಿದವರು, ನೂಲಿಗೆ ಸುತ್ತಿದವರು, ನೇಯ್ದವರು ಎಲ್ಲರೂ ಭಾರತ ಎಂಬ ಒಂದು ಪದದಲ್ಲಿ ಮುಗಿದುಹೋದರು.

ನೇಕಾರರ ಕೇರಿಗಳಲ್ಲಿ ಸುದ್ದಿಗೆ ಹೋದಾಗಲೆಲ್ಲ ನಾವು ಕೇಳುವ ಮಾತು ಒಂದೇ: "ಇದು ಹಳೇ ಕಾಲದ ಕೆಲಸ, ಮಕ್ಕಳಿಗೆ ಬೇಡ." ಕೂಲಿ ಸಾಲದು ಎಂಬುದು ನಿಜ, ಮಕ್ಕಳು ಬೇರೆ ಕೆಲಸಕ್ಕೆ ಹೋಗುವುದರಲ್ಲಿ ತಪ್ಪಿಲ್ಲ. ಆದರೆ ಹಳೇ ಕಾಲದ್ದು ಎಂಬ ಮಾತು ನಿಜವಲ್ಲ. ಕೂದಲಿನಷ್ಟು ಲೋಹವನ್ನು ನೂಲಿಗೆ ಸುತ್ತಿ, ಮುರಿಯದ ಹಾಗೆ ನೇಯುವ ಕೈಯ ಕೆಲಸವನ್ನೇ ಜಗತ್ತು ಈಗ ಹೊಸ ತಂತ್ರಜ್ಞಾನ ಎಂದು ಕರೆಯುತ್ತಿದೆ. ಐಟಿಐ, ಪಾಲಿಟೆಕ್ನಿಕ್‌ನಲ್ಲಿ ಓದುತ್ತಿರುವ ನೇಕಾರರ ಮಕ್ಕಳು ಒಂದು ಮಲ್ಟಿಮೀಟರ್ ಹಿಡಿದು ಅಪ್ಪನ ಮಗ್ಗದ ಹತ್ತಿರ ಕೂತರೆ ಅವರಿಗೆ ಕಾಣುವುದು ಬೇರೆಯೇ ಆಗಿರುತ್ತದೆ.

ಅಕ್ಕಸಾಲಿಗರು ಮದುವೆ ಸೀರೆಯ ಜರಿ ಬೆಳ್ಳಿಯದೇ ಎಂದರು. ವಾರ ಬಿಟ್ಟು ಆಟೋ ಮತ್ತೆ ಬಂತು. ಅಜ್ಜಿ ಜಾತ್ರೆ ಸೀರೆ ಕೊಟ್ಟು ಡಬರಿ ತೆಗೆದುಕೊಂಡಳು. ಮದುವೆ ಸೀರೆ ಎಲ್ಲಿ ಎಂದು ಅವನು ಕೇಳಿದ. "ಅದರಲ್ಲಿ ಕರೆಂಟೈತಂತೆ ಕಣಪ್ಪ, ಮುಟ್ಟಬ್ಯಾಡ" ಅಂದಳು.